ಬಾಗಿಲಿಗೆ ಬೈಯಬೇಡಿ

ಸೋಫಾ ಒಳಗೆ ಬರಲಿಲ್ಲವೆಂದರೆ ಬೈಗುಳವೆಲ್ಲ ಬಾಗಿಲಿಗೆ. ಈ ವಾರ ಬಾಗಿಲಿನ ಪರ ವಕಾಲತ್ತು ನನ್ನದು. ಬೀದಿಯಲ್ಲಿ ಯಾರದೇ ಮನೆಯ ಮುಂದೆ ಸಾಮಾನಿನ ಟೆಂಪೊ ನಿಂತರೂ ನಿಂತು ನೋಡುವ ಚಟ ನನಗೆ. ನೋಡಿ ಕಲಿತದ್ದು ಇಷ್ಟೇ: ಸಾಮಾನು ಸಿಕ್ಕಿಬೀಳುವುದು ಬಾಗಿಲಲ್ಲಾದರೂ ತೊಡಕಿರುವುದು ಬಾಗಿಲಾಚೆಗಿನ ಎರಡು ಹೆಜ್ಜೆ ಜಾಗದಲ್ಲಿ.

ಮೊದಲು ಬಾಗಿಲಿನ ಲೆಕ್ಕ ಮುಗಿಸೋಣ. ಮೇಸ್ತ್ರಿ ‘ಮೂರಡಿ ಬಾಗಿಲು’ ಎನ್ನುವುದು ಸಾಮಾನ್ಯವಾಗಿ ಚೌಕಟ್ಟಿನ ಹೊರಗಿನ ಅಳತೆ. ಎರಡೂ ಕಡೆ ಎರಡೂವರೆ ಇಂಚಿನ ಮರ ಕಳೆದರೆ ಉಳಿಯುವುದು 31 ಇಂಚು. ತೆರೆದು ನಿಂತ ಕದದ ದಪ್ಪ ಇನ್ನೊಂದು ಇಂಚನ್ನಾದರೂ ನುಂಗುತ್ತದೆ. ಹಿಡಿಕೆ ಬೇರೆ ಮುಂದಕ್ಕೆ ಚಾಚಿರುತ್ತದೆ. ಅದಕ್ಕೇ ಅನುಭವಸ್ಥ ಹಮಾಲಿ ಸಾಮಾನು ಮುಟ್ಟುವ ಮುಂಚೆ ಸ್ಕ್ರೂಡ್ರೈವರ್ ಕೇಳುತ್ತಾನೆ. ಹಿಂಜು ಬಿಚ್ಚಿ ಕದವನ್ನು ಗೋಡೆಗೊರಗಿಸಲು ಹತ್ತು ನಿಮಿಷ ಸಾಕು. ಚೌಕಟ್ಟಿನ ಪಾಲಿಷ್ ಕೆತ್ತಿಹೋದರೆ ಬಡಗಿಗೆ ಕೊಡಬೇಕಾದ ಕೂಲಿ ಅದಕ್ಕಿಂತ ದುಬಾರಿ.

ಈಗ ಸೋಫಾ. ಮೂವರು ಕೂರುವ ಸೋಫಾದ ಉದ್ದ 80 ಇಂಚು, ಆಳ 34, ಎತ್ತರ 32 ಎಂದಿಟ್ಟುಕೊಳ್ಳಿ. ಮೂರರಲ್ಲಿ ಒಂದೂ 31ರೊಳಗಿಲ್ಲ. ಆದರೆ ಬುಡಕ್ಕೆ ತಿರುಪಿದ ಐದಿಂಚಿನ ಕಾಲುಗಳನ್ನು ಬಿಚ್ಚಿದರೆ ಎತ್ತರ 27ಕ್ಕೆ ಇಳಿಯಿತು. ಇನ್ನು ಅದನ್ನು ಒಂದು ಕೈಯ ಮೇಲೆ ನೆಟ್ಟಗೆ ನಿಲ್ಲಿಸಿ. ಉದ್ದವೆಲ್ಲ ಆಕಾಶಕ್ಕೆ ಹೋಯಿತು. ಏಳಡಿ ಚೌಕಟ್ಟಿನೊಳಗೆ 80 ಇಂಚು ನುಸುಳುತ್ತದೆ. ಮೊದಲು ಆಸನದ ಅಂಚು ಒಳಗೆ ಹೋಗಲಿ, ಆಮೇಲೆ ನಿಂತಲ್ಲೇ ತಿರುಗಿಸುತ್ತ ಬೆನ್ನನ್ನು ಚೌಕಟ್ಟಿನ ಸುತ್ತ ಬಳಸಿ ತನ್ನಿ. ಬಾಗಿಲಾಚೆ ಇಕ್ಕಟ್ಟಾದ ಓಣಿಯಿದ್ದರೂ ಈ ತಿರುವಿಗೆ ಅದು ಎಷ್ಟೋ ಸಲ ದಾರಿ ಬಿಡುತ್ತದೆ.

ಈ ತಿರುವಿಗೆ ಗಣಿತಜ್ಞರೂ ತಲೆ ಕೆಡಿಸಿಕೊಂಡಿದ್ದಾರೆ. ಒಂದು ಮಾನ ಅಗಲದ, ಲಂಬವಾಗಿ ತಿರುಗುವ ಓಣಿಯ ಮೂಲೆ ದಾಟಬಲ್ಲ ಅತಿ ದೊಡ್ಡ ಸೋಫಾ ಯಾವುದು? 1966ರಲ್ಲಿ ಲಿಯೊ ಮೋಸರ್ ಎತ್ತಿದ ಪ್ರಶ್ನೆಯಿದು. 1992ರಲ್ಲಿ ಜೋಸೆಫ್ ಗರ್ವರ್ ಹದಿನೆಂಟು ತುಣುಕು ಗೆರೆಗಳನ್ನು ಜೋಡಿಸಿ, ಹಳೆಯ ಫೋನಿನ ರಿಸೀವರಿನಂಥ ಆಕೃತಿಯೊಂದನ್ನು ಮುಂದಿಟ್ಟರು; ಅದರ ವಿಸ್ತೀರ್ಣ ಸುಮಾರು 2.2195. ಇದಕ್ಕಿಂತ ದೊಡ್ಡದು ದಾಟದು ಎಂಬ ಸಾಧನೆಯನ್ನು ದಕ್ಷಿಣ ಕೊರಿಯಾದ ಜಿನೋನ್ ಬೇಕ್ ನೂರಕ್ಕೂ ಹೆಚ್ಚು ಪುಟಗಳಲ್ಲಿ ಮಂಡಿಸಿದ್ದು 2024ರ ಕೊನೆಗೆ. ಗಮನಿಸಿ, ಇಲ್ಲಿ ಬಾಗಿಲೇ ಇಲ್ಲ, ಇರುವುದು ಮೂಲೆಯೊಂದೇ. ಆ ಸೋಫಾ ನೆಲ ಬಿಟ್ಟು ಏಳುವಂತಿಲ್ಲ. ನಮ್ಮದು ಎದ್ದು ನಿಲ್ಲಬಲ್ಲದು. ಹಮಾಲಿಯ ಬಂಡವಾಳವೆಲ್ಲ ಆ ಮೂರನೆಯ ಆಯಾಮ.

ಬೀರುವಿನ ಕಷ್ಟ ಬೇರೆ. 1923ರಿಂದ ಬರುತ್ತಿರುವ ಗೋದ್ರೆಜ್ ಉಕ್ಕಿನ ಬೀರುವಿನ ಮಾದರಿ ಎತ್ತರದಲ್ಲಿ ಆರೂವರೆ ಅಡಿ, ಆಳದಲ್ಲಿ ಒಂದೂವರೆಯ ಆಸುಪಾಸು. ಮಗ್ಗುಲಾಗಿ ನಡೆಸಿದರೆ ತೆಪ್ಪಗೆ ಒಳಗೆ ಬರುತ್ತದೆ. ಮರದ ವಾರ್ಡ್‌ರೋಬನ್ನು ಮಾತ್ರ ಮಲಗಿಸಿ ತರಬೇಕಾಗುತ್ತದೆ. ಬಾಗಿಲು ದಾಟಿದ ಖುಷಿಯಲ್ಲಿ ಅದನ್ನು ಏಳಿಸಬೇಕೆಂಬುದೇ ಮರೆತಿರುತ್ತದೆ. ಏಳಡಿ ಎತ್ತರ, ಎರಡಡಿ ಆಳದ್ದು ಏಳುವಾಗ ಮೂಲೆಯಿಂದ ಮೂಲೆಗೆ 7 ಅಡಿ 3½ ಇಂಚು ಬೇಡುತ್ತದೆ. ಅದನ್ನು ಅಟ್ಟದ ಕೆಳಗೆ ಎಬ್ಬಿಸಹೊರಟರೆ ತಲೆ ತಗಲುತ್ತದೆ. ಕೋಣೆಯ ನಡುವೆ, ಫ್ಯಾನಿನ ರೆಕ್ಕೆ ತಪ್ಪಿಸಿ ಎಬ್ಬಿಸಿ, ನಿಂತ ಹಾಗೆಯೇ ಜಾಗಕ್ಕೆ ತಳ್ಳಬೇಕು.

ಹಿಂದಿನವರು ಈ ಜಗಳಕ್ಕೇ ಬೀಳಲಿಲ್ಲ. ಬಗ್ಗಿ ನಡೆಯಬೇಕಾದ ಬಾಗಿಲುಗಳ ಮಲೆನಾಡಿನ ಮನೆಗಳಲ್ಲಿ ಭತ್ತ ತುಂಬುವ ಮರದ ಪತ್ತಾಯವನ್ನು ಹಲಗೆ ಹಲಗೆಯಾಗಿ ಒಳಗೇ ಜೋಡಿಸುತ್ತಿದ್ದರು. ಮಂಚದ ಪಟ್ಟಿಗಳನ್ನು ಕಾಲಿನ ತೂತಿಗೆ ಕೂರಿಸಿ ಬೆಣೆ ಹೊಡೆದರೆ ಮುಗಿಯಿತು. ಬೆಣೆ ಕಿತ್ತರೆ ಮಂಚ ಮತ್ತೆ ಮರದ ಕಟ್ಟು. ಹೊಸ್ತಿಲ ಮೇಲೆ ಭಾರ ಇಳಿಸಬೇಡಿ ಎಂದು ಅಜ್ಜಿಯರು ಗದರಿಸುವುದರಲ್ಲೂ ಲಾಭವಿದೆ: ಅರ್ಧಕ್ಕೆ ಇಳಿಸಿದ ಸಾಮಾನು ಅಲ್ಲೇ ತಿರುಚಿಕೊಂಡು ಕೀಲು ಸಡಿಲವಾಗುತ್ತದೆ.

ಆದ್ದರಿಂದ ಅಂಗಡಿಗೆ ಹೋಗುವಾಗ ಬಾಗಿಲಿನ ಅಳತೆಯೊಂದನ್ನೇ ಬರೆದೊಯ್ಯಬೇಡಿ. ಮೆಟ್ಟಿಲ ತಿರುವು, ಲಿಫ್ಟಿನ ಒಳಮೈ, ಬಾಗಿಲೆದುರಿನ ಗೋಡೆಗಿರುವ ದೂರ, ಇವೂ ಚೀಟಿಯಲ್ಲಿರಲಿ. ಮುಂಗಡ ಕೊಡುವ ಮುಂಚೆ, ನಿಲ್ಲಿಸಿದ ಸೋಫಾದ ಬುಡದಳತೆಗೆ ಹಳೆಯ ಪತ್ರಿಕೆ ಅಂಟಿಸಿ, ಬಾಗಿಲಿಂದ ಕೋಣೆಯ ಮೂಲೆಯವರೆಗೆ ನೆಲದ ಮೇಲೆ ತಿರುಗಿಸುತ್ತ ಎಳೆದು ನೋಡಿ. ಕಾಗದ ಎಲ್ಲಿ ಗೋಡೆಗೆ ತಾಗಿ ಮಡಚಿತೋ ಅಲ್ಲಿ ಸೋಫಾವೂ ನಿಲ್ಲುತ್ತದೆ. ಈ ಪುಟವನ್ನೂ ಸೇರಿಸಿಕೊಳ್ಳಿ, ಅಂಕಣಕಾರನಿಗೆ ಬೇಸರವಿಲ್ಲ.