ನಾಯಕನ ಪಕ್ಕದಲ್ಲಿ ನಿಂತವರು: ಜಗದೀಪ್

ಬಾಲನಟರ ಬಗ್ಗೆ ನಮ್ಮಲ್ಲಿ ಎರಡೇ ಬಗೆಯ ಕಥೆಗಳು ಪ್ರಚಾರದಲ್ಲಿವೆ. ಮುದ್ದುಮುಖದ ಹುಡುಗ ಬೆಳೆದು ನಾಯಕನಾಗಿ ಮೆರೆದ ಕಥೆ ಒಂದು. ಇದಕ್ಕೆ ಕನ್ನಡಿಗರು ಉದಾಹರಣೆ ಹುಡುಕಿಕೊಂಡು ಹೋಗಬೇಕಾಗಿಲ್ಲ. 1985ರ 'ಬೆಟ್ಟದ ಹೂವು' ಚಿತ್ರದ ಪುಟ್ಟ ಹುಡುಗ ಪುನೀತ್ 2002ರಲ್ಲಿ 'ಅಪ್ಪು' ಆಗಿ ಬಂದುದನ್ನು ಎಲ್ಲರೂ ಬಲ್ಲರು. ಮೀಸೆ ಮೂಡುವ ಹೊತ್ತಿಗೆ ಜನ ಮರೆತುಬಿಟ್ಟ ಹುಡುಗನ ಕಥೆ ಇನ್ನೊಂದು. ಮೊದಲನೆಯದಕ್ಕೆ ಹಾರ, ಎರಡನೆಯದಕ್ಕೆ ಕಣ್ಣೀರು ಮೀಸಲು. ಆದರೆ ಈ ಎರಡರ ನಡುವೆ ಮೂರನೆಯ ಕಥೆಯೊಂದಿದೆ. ನಾಯಕನಾಗದೆ, ಮರೆಯಾಗಿಯೂ ಹೋಗದೆ, ನಾಯಕನ ಪಕ್ಕದಲ್ಲಿ ನಿಂತೇ ಆಯುಷ್ಯವಿಡೀ ಬಾಳಿದವರ ಕಥೆ ಅದು. ಹಿಂದಿ ಚಿತ್ರರಂಗದಲ್ಲಿ ಅದಕ್ಕೆ ಒಳ್ಳೆಯ ನಿದರ್ಶನ, 2020ರ ಜುಲೈ 8ರಂದು ಮುಂಬಯಿಯಲ್ಲಿ ತೀರಿಕೊಂಡ ಜಗದೀಪ್.

ಅವರ ನಿಜನಾಮ ಸಯ್ಯದ್ ಇಷ್ತಿಯಾಕ್ ಅಹ್ಮದ್ ಜಾಫ್ರಿ. ಹುಟ್ಟಿದ್ದು 1939ರಲ್ಲಿ, ಈಗ ಮಧ್ಯಪ್ರದೇಶದಲ್ಲಿರುವ ದತಿಯಾದಲ್ಲಿ. ತಂದೆಯನ್ನು ಕಳೆದುಕೊಂಡ ಹುಡುಗ ತಾಯಿಯೊಡನೆ ಬೊಂಬಾಯಿಗೆ ಬಂದ. ತಾಯಿ ಅನಾಥಾಲಯವೊಂದರಲ್ಲಿ ಅಡಿಗೆ ಮಾಡುತ್ತಿದ್ದರೆ, ಮಗ ಬೀದಿಬದಿಯಲ್ಲಿ ಚಿಲ್ಲರೆ ಸಾಮಾನು ಮಾರುತ್ತಿದ್ದ. ಬಿ. ಆರ್. ಛೋಪ್ರಾ ಅವರ 'ಅಫ್ಸಾನಾ' (1951) ಚಿತ್ರದಲ್ಲಿ ಮಕ್ಕಳ ಗುಂಪೊಂದು ಬೇಕಾಗಿತ್ತು. ಸುಮ್ಮನೆ ಕುಳಿತು ಚಪ್ಪಾಳೆ ತಟ್ಟಿದರೆ ಮೂರು ರೂಪಾಯಿ, ಉರ್ದುವಿನಲ್ಲಿ ಒಂದು ಮಾತು ಸರಿಯಾಗಿ ಆಡಿದರೆ ಆರು ರೂಪಾಯಿ. ಆ ಮಾತು ಆಡಿ ಆರು ರೂಪಾಯಿ ಗಳಿಸಿದ್ದಾಗಿ ಮುಂದೆ ಅವರೇ ಸಂದರ್ಶನಗಳಲ್ಲಿ ನೆನೆದುಕೊಂಡಿದ್ದಾರೆ. ಅವರು ಕಲೆಗಾಗಿ ಬಂದವರಲ್ಲ, ಕೂಲಿಗಾಗಿ ಬಂದವರು. ಈ ಮಾತನ್ನು ಇಲ್ಲೇ ಗುರುತಿಸಿಕೊಳ್ಳುವುದು ಒಳ್ಳೆಯದು. ಮುಂದಿನದನ್ನು ಅರಿಯಲು ಇದೇ ಕೀಲಿಕೈ.

1953ರಲ್ಲಿ ಬಿಮಲ್ ರಾಯ್ ಅವರ 'ದೋ ಬೀಘಾ ಜಮೀನ್' ತೆರೆಗೆ ಬಂತು. ಅಡವಿಟ್ಟ ಹೊಲ ಬಿಡಿಸಿಕೊಳ್ಳಲು ಕಲ್ಕತ್ತೆಗೆ ಬಂದು ರಿಕ್ಷಾ ಎಳೆಯುವ ರೈತನಾಗಿ ಬಲರಾಜ್ ಸಾಹ್ನಿ, ಅವನ ಮಗ ಕನ್ಹಯ್ಯನಾಗಿ ರತನ್ ಕುಮಾರ್. ಆ ಮಗನನ್ನು ಬೂಟ್ ಪಾಲಿಶ್ ದಂಧೆಗೆ ಸೇರಿಸಿಕೊಳ್ಳುವ ಬೀದಿ ಹುಡುಗರ ಮುಖಂಡ ಲಾಲೂ ಉಸ್ತಾದ್ ಪಾತ್ರದಲ್ಲಿ ಜಗದೀಪ್. ಚಿತ್ರ ನೋಡಿದವರ ಎದೆಯಲ್ಲಿ ಉಳಿಯುವುದು ರತನ್ ಕುಮಾರ್ ಅವರ ತುಂಬಿದ ಕಣ್ಣು. 'ಬೂಟ್ ಪಾಲಿಶ್' ಮತ್ತು 'ಜಾಗೃತಿ' (ಎರಡೂ 1954) ಚಿತ್ರಗಳಲ್ಲಿಯೂ ಜನರ ಮನಸ್ಸು ಕಲಕಿದ ಬಾಲನಟ ಅವರು. ಆ ಕಾಲದಲ್ಲಿ ಇವರಿಬ್ಬರಲ್ಲಿ ಯಾರಿಗೆ ಹೆಚ್ಚು ಭವಿಷ್ಯವಿದೆ ಎಂದು ಕೇಳಿದ್ದರೆ ನೂರಕ್ಕೆ ತೊಂಬತ್ತು ಮಂದಿ ರತನ್ ಕುಮಾರ್ ಕಡೆಗೇ ಬೆರಳು ತೋರಿಸುತ್ತಿದ್ದರು. ರತನ್ ಕುಮಾರ್ ಕುಟುಂಬದೊಡನೆ ಪಾಕಿಸ್ತಾನಕ್ಕೆ ಹೋಗಿ ಅಲ್ಲಿ ನಾಯಕನೂ ಆದರು. ಆದರೆ ಆ ಸ್ಥಾನ ಬಹುಕಾಲ ನಿಲ್ಲಲಿಲ್ಲ. 2016ರಲ್ಲಿ ಅಮೆರಿಕದಲ್ಲಿ ಕಣ್ಮುಚ್ಚಿದರು.

ಇದು ಬರಿಯ ಅದೃಷ್ಟದ ಆಟವೆ? ನನಗೆ ಹಾಗೆನ್ನಿಸುವುದಿಲ್ಲ. ದೇಶ ಬಿಟ್ಟುದೂ ಒಂದು ಕಾರಣವಿರಬಹುದು. ಆದರೆ ಮುಖ್ಯ ಕಾರಣ ಇಬ್ಬರ ಅಭಿನಯದ ಬಂಡವಾಳದಲ್ಲೇ ಇತ್ತು. ಮಗುವಿನ ಕಣ್ಣೀರಿಗೆ ಪ್ರೇಕ್ಷಕ ಕೂಡಲೇ ಕರಗುತ್ತಾನೆ. ಅದೇ ಕಣ್ಣೀರು ಇಪ್ಪತ್ತು ವರ್ಷದ ಗಂಡಸಿನ ಮುಖದಲ್ಲಿ ಬಂದರೆ ಆ ಕರಗುವಿಕೆ ಇರುವುದಿಲ್ಲ. ಹದಿಮೂರು ಹದಿನಾಲ್ಕರ ಸುಮಾರಿಗೆ ಧ್ವನಿಪೆಟ್ಟಿಗೆ ದೊಡ್ಡದಾಗಿ ಸ್ವರ ಒಡೆಯುತ್ತದೆ, ದವಡೆ ಅಗಲವಾಗುತ್ತದೆ, ಕೈಕಾಲು ಅಳತೆ ಮೀರುತ್ತವೆ. ಮುದ್ದುತನವೆಂಬುದು ಪ್ರಕೃತಿ ಸಾಲವಾಗಿ ಕೊಟ್ಟದ್ದು. ವಾಯಿದೆ ಮುಗಿದೊಡನೆ ಹಿಂದಕ್ಕೆ ಪಡೆಯುತ್ತದೆ. ಜಗದೀಪ್ ಆ ಸಾಲದ ಮೇಲೆ ವ್ಯಾಪಾರ ನಡೆಸಿದವರಲ್ಲ. ಲಾಲೂ ಉಸ್ತಾದ್ ಪ್ರೇಕ್ಷಕರ ಕರುಣೆ ಬೇಡುವುದಿಲ್ಲ. ಗೇಣುದ್ದದ ಹುಡುಗ ಆಳುದ್ದದ ಮಾತಾಡುತ್ತಾನೆ. ಬೀದಿಯೆಲ್ಲ ತನ್ನದೇ ಎಂಬ ಠೀವಿ ಅವನದು. ಈ ಠೀವಿಗೆ ವಯಸ್ಸಿನ ಹಂಗಿಲ್ಲ. ಹನ್ನೆರಡರಲ್ಲೂ ನಡೆಯುತ್ತದೆ, ಐವತ್ತರಲ್ಲೂ ನಡೆಯುತ್ತದೆ.

ಅವರ ಪಾತ್ರಗಳ ಹೆಸರುಗಳನ್ನೇ ನೋಡಿ. 'ದೋ ಬೀಘಾ ಜಮೀನ್'ದಲ್ಲಿ ಉಸ್ತಾದ್. ಗುರುದತ್ತರ 'ಆರ್ ಪಾರ್' (1954) ಚಿತ್ರದಲ್ಲಿ ಇಲಾಯ್ಚಿ ಸ್ಯಾಂಡೋ. ಅಂದರೆ ಏಲಕ್ಕಿಯಷ್ಟು ಮೈ, ಹೆಸರು ಮಾತ್ರ ಜಗಜಟ್ಟಿ ಸ್ಯಾಂಡೋನದು. 'ಶೋಲೆ' (1975) ಚಿತ್ರದಲ್ಲಿ ಸೂರ್ಮಾ, ಅಂದರೆ ವೀರ. 'ಪುರಾನಾ ಮಂದಿರ್' (1984) ಚಿತ್ರದಲ್ಲಿ ಮಚ್ಛರ್ ಸಿಂಗ್. ಸೊಳ್ಳೆಯೂ ಅವನೇ, ಸಿಂಹವೂ ಅವನೇ. ಮೂವತ್ತು ವರ್ಷದ ಅಂತರದಲ್ಲಿ ಬೇರೆ ಬೇರೆ ಲೇಖಕರು, ಬೇರೆ ಬೇರೆ ನಿರ್ದೇಶಕರು ಕೊಟ್ಟ ಹೆಸರುಗಳಿವು. ಆದರೆ ಒಳಗಿರುವ ಆಸಾಮಿ ಒಬ್ಬನೇ: ಲೋಕ ತನ್ನನ್ನು ಸಣ್ಣವನೆಂದು ಬಲ್ಲುದಾದರೂ ತಾನು ದೊಡ್ಡವನೆಂದು ನಟಿಸಿ ಮಾನ ಉಳಿಸಿಕೊಳ್ಳುವವ. ಹುಡುಗ ಜಗದೀಪ್ ಬೆಳೆಯುವಾಗ ತನ್ನೊಡನೆ ತಂದದ್ದು ಮುಖವನ್ನಲ್ಲ, ಈ ಆಸಾಮಿಯನ್ನು.

ನಡುವೆ ನಾಯಕನ ಕುರ್ಚಿಯೂ ಸಿಕ್ಕಿತ್ತು. ಮದರಾಸಿನ ಎ.ವಿ.ಎಂ. ಸಂಸ್ಥೆಯ 'ಹಮ್ ಪಂಛೀ ಏಕ್ ಡಾಲ್ ಕೇ' (1957) ಅವರಿಗೆ ಹೆಸರು ತಂದ ಮಕ್ಕಳ ಚಿತ್ರ. ಅದೇ ವರ್ಷ ಅದೇ ಸಂಸ್ಥೆಯ 'ಭಾಭಿ'ಯಲ್ಲಿ ಅವರು ನಂದಾ ಅವರಿಗೆ ಜೋಡಿ. ಗಾಳಿಪಟದ ಹಾಡು ಈಗಲೂ ರೇಡಿಯೋದಲ್ಲಿ ಬಂದರೆ ಕೇಳುವವರು ಇದ್ದಾರೆ. ಕನ್ನಡಿಗರು ಈ ಚಿತ್ರವನ್ನು ಬೇರೊಂದು ಕಾರಣಕ್ಕೂ ನೆನೆಯಬೇಕು. ಅದರ ಅತ್ತಿಗೆ ಬೇರಾರೂ ಅಲ್ಲ, ಭಟ್ಕಳದಲ್ಲಿ ಹುಟ್ಟಿ, 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರರಿಗೆ ನಾಯಕಿಯಾಗಿದ್ದ ಪಂಡರೀಬಾಯಿ. ಮುಂದೆ ಈ ಮೂವರ ದಾರಿ ಕವಲಾಯಿತು. ತಾವೂ ಬಾಲನಟಿಯಾಗಿಯೇ ಬಂದ ನಂದಾ ನಾಯಕಿಯ ಪಟ್ಟಕ್ಕೇರಿದರು. ಪಂಡರೀಬಾಯಿ ನಾಯಕಿಯ ಸ್ಥಾನದಿಂದ ತಾಯಿಯ ಪಾತ್ರಗಳಿಗೆ ಸರಿದು ದಕ್ಷಿಣದಲ್ಲಿ ಮನೆಮಾತಾದರು. ಜಗದೀಪ್ ಕೆಲವು ಚಿತ್ರಗಳಲ್ಲಿ ನಾಯಕನಾಗಿ, ಅದು ಕುದುರದೆ, ಹಾಸ್ಯಕ್ಕೆ ಇಳಿದರು.

'ಇಳಿದರು' ಎಂದೇ ಜನ ಹೇಳುವುದು. ನಮ್ಮ ಸರ್ಕಾರಿ ಕಚೇರಿಗಳಲ್ಲಿ ಇದಕ್ಕೆ 'ರಿವರ್ಷನ್' ಎನ್ನುತ್ತಾರೆ. ಅಡ್‌ಹಾಕ್ ಬಡ್ತಿ ಸಿಕ್ಕಿ ಆರು ತಿಂಗಳು ಮೇಲಿನ ಕುರ್ಚಿಯಲ್ಲಿ ಕುಳಿತವನಿಗೆ ಒಂದು ದಿನ ಮತ್ತೆ ಹಳೆಯ ಮೇಜಿಗೆ ಹೋಗೆಂಬ ಆದೇಶ ಬರುತ್ತದೆ. ಕೆಲವರು ಆ ಹೊತ್ತಿನಿಂದ ಕೆಲಸದ ಮೇಲೆ ಮನಸ್ಸನ್ನೇ ಇಡುವುದಿಲ್ಲ. ಹೋದ ಕುರ್ಚಿಯ ಜಪದಲ್ಲೇ ನಿವೃತ್ತರಾಗುತ್ತಾರೆ. ಜಗದೀಪ್ ಹಾಗೆ ಮಾಡಲಿಲ್ಲ. 1968ರ 'ಬ್ರಹ್ಮಚಾರಿ'ಯಲ್ಲಿ ಶಮ್ಮಿ ಕಪೂರ್ ನಾಯಕ, ಇವರು ಹಾಸ್ಯಪಾತ್ರಧಾರಿ. ಅದೇ ಚಿತ್ರದ ಮಕ್ಕಳ ಹಿಂಡಿನಲ್ಲಿ ಸಚಿನ್ ಮತ್ತು ಜೂನಿಯರ್ ಮೆಹಮೂದ್ ಇದ್ದರು. ತಾನು ಬಿಟ್ಟುಬಂದ ಜಾಗದಲ್ಲಿ ಹೊಸ ಹುಡುಗರು ನಿಂತಿರುವಾಗ, ಇಪ್ಪತ್ತೊಂಬತ್ತರ ಜಗದೀಪ್ ಅಲ್ಲಿಯೇ ತಮಗೆ ಬೇರೊಂದು ಜಾಗ ಮಾಡಿಕೊಂಡರು. ಕೂಲಿಗಾಗಿ ಬಂದವನಿಗೆ ಯಾವ ಕೆಲಸವೂ ಕೀಳಲ್ಲ ಎಂಬ ಅರಿವು ಅವರಿಗೆ ಇಲ್ಲಿ ಒದಗಿತೆಂದು ತೋರುತ್ತದೆ.

'ಶೋಲೆ'ಯ ಮಾತಿಗೆ ಬರೋಣ. ಮುಂಬಯಿಯ ಮಿನರ್ವಾದಲ್ಲಿ ಐದು ವರ್ಷ ಓಡಿದ, ನಮ್ಮ ರಾಮನಗರದ ಬಂಡೆಗಳ ನಡುವೆ ತಯಾರಾದ ಚಿತ್ರ. ಇದರಲ್ಲಿ ಸೂರ್ಮಾ ಭೋಪಾಲಿ ಸೌದೆ ವ್ಯಾಪಾರಿ. ಜಯ್ ಮತ್ತು ವೀರು ತಾವಾಗಿಯೇ ಅವನ ಕೈಗೆ ಸಿಕ್ಕು, ಬಹುಮಾನದ ಹಣದಲ್ಲಿ ಪಾಲು ಕೇಳಿದವರು. ಆದರೆ ಸೂರ್ಮಾ ಅಂಗಡಿಯಲ್ಲಿ ಕುಳಿತು, ತಾನೇ ಹೊಡೆದುರುಳಿಸಿ ಅವರನ್ನು ಹಿಡಿದೆನೆಂದು ಬಡಾಯಿ ಕೊಚ್ಚುತ್ತಾನೆ. ಅಷ್ಟರಲ್ಲಿ ಆ ಇಬ್ಬರೂ ಬೆನ್ನ ಹಿಂದೆ ಬಂದು ನಿಂತಿರುತ್ತಾರೆ. ನೋಟ ಕೆಲವೇ ನಿಮಿಷದ್ದು. ತೆಗೆದುಹಾಕಿದರೂ ಕಥೆಗೆ ಕುಂದಿಲ್ಲ. ಆದರೂ ಐವತ್ತು ವರ್ಷ ಕಳೆದ ಮೇಲೂ ಜನ ಮರೆತಿಲ್ಲ. ಕಾರಣ, ಜಗದೀಪ್ ಅಲ್ಲಿ ನಗಿಸಲೆಂದು ನಗಿಸುವುದಿಲ್ಲ. ಸೂರ್ಮಾ ತನ್ನ ಸುಳ್ಳನ್ನು ತಾನೇ ನಂಬುತ್ತಾನೆ. ಭೋಪಾಲದ ಆ ರಾಗವಾದ ಮಾತು, ಏರಿಳಿಯುವ ಕೈ, ತಿರುಗಿ ನೋಡಿದಾಗ ಇಳಿದುಹೋಗುವ ಸ್ವರ, ಎಲ್ಲವೂ ಆ ನಂಬಿಕೆಯಿಂದಲೇ ಹುಟ್ಟುತ್ತವೆ. ನಾಯಕರಿಬ್ಬರೂ ಸುಮ್ಮನೆ ನಿಂತಿರುವಾಗ ಇಡೀ ತೆರೆಯನ್ನು ಪೋಷಕ ನಟನೊಬ್ಬ ಹಿಡಿದಿಟ್ಟ ಗಳಿಗೆ ಅದು.

ಹೊಗಳಿಕೆಯನ್ನೇ ಬರೆದರೆ ವಿಮರ್ಶೆಯಾಗದು. ಈ ಜಯದಲ್ಲೇ ಅವರ ಬಂಧನವೂ ಇತ್ತು. ಮುಂದಿನ ಚಿತ್ರಗಳಲ್ಲಿ ನಿರ್ಮಾಪಕರು ಬಯಸಿದ್ದು ನಟನನ್ನಲ್ಲ, ಆ ರಾಗವನ್ನು. ಅವರೂ ಕೇಳಿದವರಿಗೆಲ್ಲ ಕೊಟ್ಟರು. ಅನೇಕ ಚಿತ್ರಗಳಲ್ಲಿ ಕಣ್ಣರಳಿಸುವಿಕೆ, ನಾಲಗೆ ಹೊರಳಿಸುವಿಕೆ ಉಳಿದು ಒಳಗಿನ ಆಸಾಮಿ ಕಾಣೆಯಾಗಿದ್ದಾನೆ. ಸುಮಾರು 400 ಚಿತ್ರಗಳೆಂದು ಲೆಕ್ಕ ಹೇಳುತ್ತಾರೆ; ಅವುಗಳಲ್ಲಿ ನೆನಪಿಡುವಂಥವು ಎರಡು ಕೈಯ ಬೆರಳಿನಷ್ಟು. 1988ರಲ್ಲಿ ತಾವೇ ನಿರ್ದೇಶಿಸಿ 'ಸೂರ್ಮಾ ಭೋಪಾಲಿ' ಎಂಬ ಚಿತ್ರವನ್ನೇ ತೆಗೆದರು. ಅದು ನಿಲ್ಲಲಿಲ್ಲ. ಉಪ್ಪಿನಕಾಯಿ ರುಚಿಯೆಂದು ಅದನ್ನೇ ಊಟವಾಗಿ ಬಡಿಸಲಾದೀತೆ? ದೊಡ್ಡವರು ಪಕ್ಕದಲ್ಲಿದ್ದರೆ ಮಾತ್ರ ಸಣ್ಣವನ ಬಡಾಯಿಗೆ ಬೆಲೆ. ಅವನನ್ನೇ ನಡುವೆ ಕೂರಿಸಿದರೆ ಅವನು ಯಾರ ಮುಂದೆ ಜಂಭ ಕೊಚ್ಚಬೇಕು? ಆರು ವರ್ಷದ ಬಳಿಕ 'ಅಂದಾಜ್ ಅಪ್ನಾ ಅಪ್ನಾ' (1994) ಚಿತ್ರದಲ್ಲಿ ಸಲ್ಮಾನ್ ಖಾನರ ತಂದೆ, ದರ್ಜಿ ಬಾಂಕೇಲಾಲ್ ಭೋಪಾಲಿಯಾಗಿ ಮತ್ತೆ ಪಕ್ಕಕ್ಕೆ ಸರಿದಾಗ ಹಳೆಯ ಕಳೆ ಮರಳಿತು.

ಇದೆಲ್ಲ ಹಳೆಯ ಹಿಂದಿ ಚಿತ್ರಗಳ ಮಾತಾಯಿತು, ನಮಗೇನು ಎಂದು ಕೇಳಬಹುದು. ಊರು ಬಿಟ್ಟು ಬಂದ ನಮಗೆ ಮಕ್ಕಳ ಪ್ರತಿಭೆ ಎಂದರೆ ವಿಶೇಷ ಆಸೆ. ರಾಜ್ಯೋತ್ಸವದ ವೇದಿಕೆಯಲ್ಲಿ ಮಗು ಕೃಷ್ಣನಾಗಿ ಕುಣಿದರೆ ಮರುದಿನವೇ ಟಿ.ವಿ. ಸ್ಪರ್ಧೆಯ ಅರ್ಜಿ ತುಂಬುವವರಿದ್ದಾರೆ. ಕಾನೂನು ಈಗ ಸ್ವಲ್ಪ ಕಣ್ಣಿಟ್ಟಿದೆ. 2017ರ ನಿಯಮಗಳಂತೆ ಬಾಲ ಕಲಾವಿದರನ್ನು ದಿನಕ್ಕೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ; ಗಳಿಕೆಯ ಕನಿಷ್ಠ ಶೇಕಡಾ 20 ಮಗುವಿನ ಹೆಸರಿನಲ್ಲೇ ಬ್ಯಾಂಕಿನಲ್ಲಿ ಠೇವಣಿಯಾಗಬೇಕು. ಒಳ್ಳೆಯದೇ. ಆದರೆ ಚಪ್ಪಾಳೆ ನಿಂತ ಮೇಲೆ ಬದುಕುವುದು ಹೇಗೆಂಬ ಪಾಠಕ್ಕೆ ಯಾವ ನಿಯಮವೂ ಇಲ್ಲ. ಅದನ್ನು ಮನೆಯಲ್ಲೇ ಕಲಿಸಬೇಕು. ನಾಯಕನಾಗಲೇಬೇಕೆಂದು ಬೆಳೆಸಿದ ಮಗುವಿಗೆ ಪಕ್ಕದ ಪಾತ್ರ ಸಿಕ್ಕಾಗ ಅದು ಸೋಲಾಗಿ ಕಾಣುತ್ತದೆ. ಕೆಲಸ ಕಲಿತ ಮಗುವಿಗೆ ಅದೂ ಒಂದು ಕೆಲಸವಾಗಿ ಕಾಣುತ್ತದೆ.

ನಾಯಕರ ಪಟ್ಟಿಯಲ್ಲಿ ಜಗದೀಪ್ ಅವರ ಹೆಸರಿಲ್ಲ. ಆದರೆ ಅವರೊಂದಿಗೆ ನಾಯಕರಾಗಿ ನಿಂತ ಎಷ್ಟೋ ಮಂದಿ ತೆರೆಯಿಂದ ಸರಿದುಹೋದ ಮೇಲೂ ಅವರಿಗೆ ಕರೆ ಬರುತ್ತಲೇ ಇತ್ತು. ಅಫ್ಸಾನಾದ ಆರು ರೂಪಾಯಿಯಿಂದ ಮೊದಲಾದ ಆ ಕೂಲಿ ಸುಮಾರು ಅರುವತ್ತು ವರ್ಷ ತಪ್ಪಲಿಲ್ಲ. ನಟನೊಬ್ಬನಿಗೆ ಇದಕ್ಕಿಂತ ದೊಡ್ಡ ಯೋಗ್ಯತಾಪತ್ರ ಯಾವುದು?