ನಾಲೆಯ ನೀರು, ಊರಿನ ರೂಢಿ: ಸ್ಕಾರ್ಲೆಟ್ ಎಪ್‌ಸ್ಟೈನ್ ಕಂಡ ಮಂಡ್ಯ ಮತ್ತು ಕಾಣದ ಮಂಡ್ಯ

ಕೈಯಲ್ಲಿ ಕಾಸು ಆಡತೊಡಗಿದರೆ ಊರಿನ ಕಟ್ಟುಪಾಡು ತಾನಾಗಿ ಸಡಿಲಗೊಳ್ಳುತ್ತದೆ ಎಂಬುದು ಇಪ್ಪತ್ತನೆಯ ಶತಮಾನದ ಅಭಿವೃದ್ಧಿ ಚಿಂತನೆಯು ಹೆಚ್ಚು ಪ್ರಶ್ನಿಸದೆ ಒಪ್ಪಿಕೊಂಡಿದ್ದ ನಂಬಿಕೆಗಳಲ್ಲಿ ಒಂದು. ಆ ನಂಬಿಕೆಯನ್ನು ಮಂಡ್ಯ ಪಟ್ಟಣದ ಆಸುಪಾಸಿನ ಎರಡು ಹಳ್ಳಿಗಳ ಕಣದಲ್ಲಿ ತೂರಿ, ಕಾಳೆಷ್ಟು ಜೊಳ್ಳೆಷ್ಟು ಎಂದು ನೋಡಿದ ಕೃತಿ ಟಿ. ಸ್ಕಾರ್ಲೆಟ್ ಎಪ್‌ಸ್ಟೈನ್ ಅವರ ‘ಎಕನಾಮಿಕ್ ಡೆವಲಪ್‌ಮೆಂಟ್ ಅಂಡ್ ಸೋಷಿಯಲ್ ಚೇಂಜ್ ಇನ್ ಸೌತ್ ಇಂಡಿಯಾ’ (1962). ವಿಯೆನ್ನಾದ ಯಹೂದಿ ಮನೆತನದಲ್ಲಿ 1922ರಲ್ಲಿ ಹುಟ್ಟಿ, ನಾಜಿಗಳ ಕಾಲದಲ್ಲಿ ಊರು ಬಿಟ್ಟು ಇಂಗ್ಲೆಂಡ್ ಸೇರಿ, ಮ್ಯಾಂಚೆಸ್ಟರ್‌ನಲ್ಲಿ ಮಾನವಶಾಸ್ತ್ರ ಕಲಿತ ಈ ಲೇಖಕಿ 1954ರಿಂದ 1956ರವರೆಗೆ ಇಲ್ಲಿ ಉಳಿದು ಅಧ್ಯಯನ ನಡೆಸಿದರು; 1970ರಲ್ಲಿ ಮತ್ತೆ ಬಂದು ನೋಡಿದ್ದನ್ನು 1973ರ ಇನ್ನೊಂದು ಪುಸ್ತಕದಲ್ಲಿ ಬರೆದರು; 1998ರಲ್ಲಿ ಎ.ಪಿ. ಸೂರ್ಯನಾರಾಯಣ ಮತ್ತು ಟಿ. ತಿಮ್ಮೇಗೌಡರೊಂದಿಗೆ ‘ವಿಲೇಜ್ ವಾಯ್ಸಸ್’ ಪ್ರಕಟಿಸಿ ನಲವತ್ತು ವರ್ಷಗಳ ಲೆಕ್ಕವನ್ನು ಮುಗಿಸಿದರು. ಧರ್ಮ, ಜಾತಿ ಮತ್ತು ರಾಜಕೀಯ ಸಂಪ್ರದಾಯವಾದ, ಅಂದರೆ ಇರುವ ಅಧಿಕಾರದ ಶ್ರೇಣಿಯನ್ನು ಹಿರಿಯರ ವಾಡಿಕೆ ಎಂಬ ಹೆಸರಿನಲ್ಲಿ ಕಾಯುವ ನಿಲುವು, ಸಕ್ಕರೆ ಸೀಮೆಯ ಬದುಕನ್ನು ಹೇಗೆ ರೂಪಿಸಿದೆ ಎಂದು ಕೇಳುವವರಿಗೆ ಈ ಮೊದಲ ಪುಸ್ತಕ ಇಂದಿಗೂ ಹೊರಡುವ ಜಾಗ. ಆದರೆ ಅದು ಎಲ್ಲಿ ನಿಂತುಬಿಟ್ಟಿತು ಎಂಬುದನ್ನೂ ಗುರುತಿಸಬೇಕಾಗುತ್ತದೆ.

ಕನ್ನಂಬಾಡಿ ಕಟ್ಟೆಯ ನೀರು 1930ರ ದಶಕದ ಆರಂಭದಲ್ಲಿ, ಮೊದಲು ಇರ್ವಿನ್ ನಾಲೆ ಎಂದೂ ಆಮೇಲೆ ವಿಶ್ವೇಶ್ವರಯ್ಯ ನಾಲೆ ಎಂದೂ ಹೆಸರಾದ ಕಾಲುವೆಯಲ್ಲಿ ಹರಿದು ಬಂದಾಗ, ರಾಗಿ ಮತ್ತು ಹುರುಳಿಯ ಬೆದ್ದಲು ಭೂಮಿ ಭತ್ತ ಮತ್ತು ಕಬ್ಬಿನ ಗದ್ದೆಯಾಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಈ ನೀರು ಎಲ್ಲರ ಹೊಲಕ್ಕೂ ಏರಲಿಲ್ಲ. ಎಪ್‌ಸ್ಟೈನ್ ‘ವಂಗಲ’ ಎಂಬ ಗುಪ್ತನಾಮದಲ್ಲಿ ಕರೆದ ಹಳ್ಳಿಗೆ ನೀರು ಬಂತು. ‘ದಲೇನ’ ಎಂದು ಕರೆದ ಹಳ್ಳಿ ನಾಲೆಯ ಮಟ್ಟಕ್ಕಿಂತ ಎತ್ತರದಲ್ಲಿದ್ದುದರಿಂದ ಒಣಗಿಯೇ ಉಳಿಯಿತು. ಒಂದೇ ಸೀಮೆ, ಒಂದೇ ಪ್ರಬಲ ಜಾತಿ, ಒಂದೇ ಬಗೆಯ ದೇವರು ಹಬ್ಬ ಇದ್ದು, ನೀರೊಂದರಲ್ಲಿ ಮಾತ್ರ ಎದುರುಬದುರಾದ ಈ ಜೋಡಿಯನ್ನು ಆರಿಸಿಕೊಂಡದ್ದರಲ್ಲೇ ಲೇಖಕಿಯ ಅರ್ಧ ಜಾಣ್ಮೆ ಇದೆ.

ಅವರು ಕಂಡುಕೊಂಡದ್ದು ನಿರೀಕ್ಷೆಗೆ ತಿರುವುಮುರುವಾಗಿತ್ತು. ದುಡ್ಡು ಹರಿದ ವಂಗಲದಲ್ಲಿ ಹಳೆಯ ವ್ಯವಸ್ಥೆ ಗಟ್ಟಿಯಾಯಿತು: ಒಕ್ಕಲು ಮನೆತನಗಳ ಹಿರಿಯರ ಯಜಮಾನಿಕೆ ತಂದೆಯಿಂದ ಮಗನಿಗೆ ಇಳಿದು ಬರುತ್ತಲೇ ಇತ್ತು, ಮದುವೆ ಮತ್ತು ಹಬ್ಬಗಳ ಖರ್ಚು ಏರಿತು, ಒಡೆಯ ಕುಟುಂಬಕ್ಕೂ ಅದಕ್ಕೆ ತಲೆಮಾರುಗಳಿಂದ ದುಡಿಯುವ ಆದಿ ಕರ್ನಾಟಕ ಕುಟುಂಬಕ್ಕೂ ಇದ್ದ ಕಟ್ಟು ಉಳಿಯಿತು. ನೀರು ಸಿಗದ ದಲೇನದವರು ಮಂಡ್ಯ ಪೇಟೆಯ ಕಡೆ ಮುಖ ಮಾಡಿದರು. ನೆರೆಯೂರಿನ ಗದ್ದೆ ಕೊಂಡರು, ಗಾಡಿ ಹೊಡೆದರು, ಗಿರಣಿ ಹಾಕಿದರು, ಕಾರ್ಖಾನೆ ಮತ್ತು ಕಚೇರಿಗಳಲ್ಲಿ ಕೆಲಸ ಹಿಡಿದರು, ಮತ್ತು ಈ ಓಡಾಟದಲ್ಲಿ ಹಿರಿಯರ ಯಜಮಾನಿಕೆಯೂ ವಂಶದ ಕೂಲಿಕಟ್ಟೂ ಕಳಚಿಬಿದ್ದವು. ಹಳೆಯ ಬೇಸಾಯದ ಚೌಕಟ್ಟಿನೊಳಗೇ ಲಾಭ ಸಿಕ್ಕವರಿಗೆ ಚೌಕಟ್ಟು ಮುರಿಯುವ ಅಗತ್ಯವೇ ಬೀಳುವುದಿಲ್ಲ ಎಂಬುದು ಈ ಹೋಲಿಕೆಯಿಂದ ಹೊರಡುವ ತೀರ್ಮಾನ. ಇದರ ಒಳಯಂತ್ರವನ್ನು ಅವರು ಕೂಲಿಯ ಲೆಕ್ಕದಲ್ಲಿ ತೋರಿಸುತ್ತಾರೆ. ಹಳೇ ಮೈಸೂರಿನಲ್ಲಿ ‘ಅಡಡೆ’ ಎನ್ನುವ, ಸುಗ್ಗಿಯಲ್ಲಿ ಕುಲಕಸುಬಿನವರಿಗೂ ಆಳುಮಕ್ಕಳಿಗೂ ಅಳೆದು ಕೊಡುವ ಗೊತ್ತುಪಡಿಸಿದ ಧಾನ್ಯ, ಬೆಳೆ ಕೆಟ್ಟ ವರ್ಷ ಬಡವನ ಹೊಟ್ಟೆಗೆ ಆಧಾರ. ಬೆಳೆ ಉಕ್ಕಿದ ವರ್ಷ ಹೆಚ್ಚಿನ ಪಾಲೆಲ್ಲ ಒಡೆಯನ ಕಣಜಕ್ಕೆ. ಇಂಥ ಋಣದ ನೂಲು ಸುತ್ತಿಕೊಂಡಿದ್ದ ಭತ್ತದಲ್ಲಿ ಜಪಾನಿ ಪದ್ಧತಿಯ ನಾಟಿಯಂಥ ಹೊಸದು ಬೇರೂರಲಿಲ್ಲ. ಯಾವ ವಾಡಿಕೆಯೂ ಅಂಟಿಕೊಂಡಿರದ ಹೊಸ ಬೆಳೆ ಕಬ್ಬನ್ನು ಅದೇ ರೈತರು ತಡಮಾಡದೆ ಅಪ್ಪಿಕೊಂಡರು. ರೈತ ಸಂಪ್ರದಾಯಕ್ಕೆ ಕುರುಡಾಗಿ ಜೋತುಬೀಳುತ್ತಾನೆ ಎನ್ನುವ ಅಧಿಕಾರಿಗಳ ಮಾತಿಗೆ ಇದಕ್ಕಿಂತ ಚೊಕ್ಕವಾದ ಉತ್ತರ ಸಿಗುವುದು ಕಷ್ಟ.

ಅಮೆರಿಕದ ಇಂಡಿಯಾನಾ ರಾಜ್ಯದ ಮನ್ಸಿ ಎಂಬ ಊರನ್ನು ಅಭ್ಯಸಿಸಿ ರಾಬರ್ಟ್ ಮತ್ತು ಹೆಲೆನ್ ಲಿಂಡ್ ದಂಪತಿ 1929ರಲ್ಲಿ ಪ್ರಕಟಿಸಿದ ‘ಮಿಡ್ಲ್‌ಟೌನ್’ ಕೂಡ, ಹೊಟ್ಟೆಪಾಡಿನ ಕ್ರಮಗಳು ಯಂತ್ರದ ವೇಗದಲ್ಲಿ ಬದಲಾದರೂ ಇಗರ್ಜಿ ಮತ್ತು ಧರ್ಮಶ್ರದ್ಧೆ ತೀರ ನಿಧಾನವಾಗಿ ಅಲುಗುತ್ತವೆ ಎಂದು ತೋರಿಸಿತ್ತು. ಲಿಂಡ್ ದಂಪತಿ ಇದನ್ನು ವೇಗದ ವ್ಯತ್ಯಾಸವೆಂದು ಕಂಡರೆ, ಎಪ್‌ಸ್ಟೈನ್ ಅದರ ಹಿಂದಿನ ಲಾಭನಷ್ಟವನ್ನು ಹುಡುಕಿದರು. ಆ ಮಟ್ಟಿಗೆ ಮಂಡ್ಯದ ಪುಸ್ತಕ ಮನ್ಸಿಯ ಪುಸ್ತಕಕ್ಕಿಂತ ಒಂದು ಮೊಳ ಆಳಕ್ಕೆ ಇಳಿದಿದೆ.

ಕೊರತೆಯ ಮಾತಿಗೆ ಬಂದರೆ, ಮೊದಲನೆಯದು ಹೆಸರಿಡುವುದರಲ್ಲೇ ಇದೆ. ಒಕ್ಕಲಿಗರನ್ನು ಎಪ್‌ಸ್ಟೈನ್ ಉದ್ದಕ್ಕೂ ‘ಪೆಸೆಂಟ್’, ಅಂದರೆ ‘ಬೇಸಾಯಗಾರ’ ಎಂದೂ, ದಲಿತರನ್ನು ‘ಎ.ಕೆ.’, ಅಂದರೆ ಆದಿ ಕರ್ನಾಟಕ, ಎಂದೂ ಕರೆಯುತ್ತಾರೆ. ‘ಒಕ್ಕಲು’ ಎಂಬ ಪದದಲ್ಲಿ ಉಳುಮೆಯ ಅರ್ಥವಿರುವುದು ನಿಜವಾದರೂ, ಒಂದು ಜಾತಿಯನ್ನು ಕಸುಬಿನ ಹೆಸರಿನಿಂದ ಕರೆದ ಕೂಡಲೇ ಭೂಮಿ ಅವರದ್ದೆಂಬುದು ಪ್ರಕೃತಿನಿಯಮದಂತೆ ತೋರುತ್ತದೆ. ಅದೇ ಗದ್ದೆಯಲ್ಲಿ ಬೆನ್ನು ಬಗ್ಗಿಸುವ ದಲಿತ ಬೇಸಾಯಗಾರನಾಗದೆ ಎರಡಕ್ಷರದ ಸರ್ಕಾರಿ ಗುರುತಾಗಿ ಉಳಿಯುತ್ತಾನೆ. 1970ರಲ್ಲಿ ಮರಳಿದಾಗ ಉಳ್ಳವರು ಇನ್ನಷ್ಟು ಉಳ್ಳವರಾಗಿ ಇಲ್ಲದವರು ಕೆಳಗಿಳಿದಿರುವುದನ್ನು ಲೇಖಕಿ ಮರೆಮಾಚದೆ ಬರೆದರು. ಆದರೆ ಹೆಸರುಗಳನ್ನು ಮಾತ್ರ ಬದಲಿಸಲಿಲ್ಲ. ಇನ್ನೊಂದು ಕೊರತೆ ಭೂಗೋಳದ್ದು. ನೀರಾವರಿ ಊರು ಮತ್ತು ಬೆದ್ದಲು ಊರು ಎಂಬ ಜೋಡಿಯ ನಡುವೆ ಮಳವಳ್ಳಿ ಮತ್ತು ಮದ್ದೂರು ತಾಲ್ಲೂಕುಗಳ ನಾಲೆಯಂಚಿನ ಹಳ್ಳಿಗಳಿವೆ. ಅಲ್ಲಿ ನೀರು ಒಂದು ವರ್ಷ ಬಂದು ಇನ್ನೊಂದು ವರ್ಷ ಬಾರದೆ, ರೈತರು ಬೆಳೆ ನಂಬುವುದಕ್ಕಿಂತ ಹೆಚ್ಚಾಗಿ ಚಳವಳಿಯನ್ನೂ ದೇವರನ್ನೂ ನಂಬಬೇಕಾಗುತ್ತದೆ. ಆ ಮೂರನೆಯ ಬಗೆಯ ಊರಿಗೆ ಈ ಸಿದ್ಧಾಂತದಲ್ಲಿ ಜಾಗವಿಲ್ಲ.

ಎಲ್ಲಕ್ಕಿಂತ ದೊಡ್ಡ ಕೊರತೆ ಧರ್ಮವನ್ನು ಹಿಂದುಳಿದ ಅವಶೇಷವೆಂದು ಓದಿದ್ದು. ರೂಢಿ ಉಳಿಯುತ್ತದೆ ಇಲ್ಲವೇ ಅಳಿಯುತ್ತದೆ, ಈ ಎರಡೇ ಗತಿ ಅದಕ್ಕಿರುವುದು ಎಂಬ ಊಹೆಯ ಮೇಲೆ ಪುಸ್ತಕ ನಿಂತಿದೆ. ಹಣವೇ ಹೊಸ ರೂಢಿಯನ್ನು ಹುಟ್ಟಿಸಿ ಅದಕ್ಕೆ ಪುರಾತನದ ಬಣ್ಣ ಬಳಿಯಬಲ್ಲದು ಎಂಬುದಕ್ಕೆ ಪುರಾವೆ ಕೊಟ್ಟವರು ಸ್ವತಃ ಎಪ್‌ಸ್ಟೈನ್ ಅವರೇ ಆದರೂ, ಅದರ ತೂಕ ಅವರಿಗೆ ಪೂರ್ತಿ ಹೊಳೆದಂತಿಲ್ಲ. ಈ ಸೀಮೆಯ ಒಕ್ಕಲು ಮನೆಗಳಲ್ಲಿ ಹಿಂದೆ ಗಂಡಿನ ಕಡೆಯವರು ಹೆಣ್ಣಿನ ಕಡೆಗೆ ‘ತೆರ’ ಕೊಡುತ್ತಿದ್ದರು. ತೆರ ಎಂದರೆ ದುಡಿಯುವ ಮಗಳನ್ನು ಕಳಿಸಿಕೊಡುವ ತವರಿಗೆ ಸಲ್ಲುವ ಕನ್ಯಾಶುಲ್ಕ. ಲೇಖಕಿಯ ಮೊದಲ ಮತ್ತು ಎರಡನೆಯ ಭೇಟಿಗಳ ನಡುವಿನ ಅವಧಿಯಲ್ಲೇ ಕಬ್ಬಿನ ಹಣ ಕಂಡ ವಂಗಲದಲ್ಲಿ ತೆರ ಹೋಗಿ ವರದಕ್ಷಿಣೆ ಬಂತು. ಹೆಂಗಸರು ಗದ್ದೆಗಿಳಿಯದಿರುವುದು ಮನೆತನದ ಮರ್ಯಾದೆಯಾಯಿತು. ಹಿರಿಯರ ಪದ್ಧತಿ ಎಂದು ಇಂದು ಸಮರ್ಥಿಸಲಾಗುವ ವರದಕ್ಷಿಣೆಗೆ ಇಲ್ಲಿ ಸಕ್ಕರೆ ಕಾರ್ಖಾನೆಯಷ್ಟೂ ವಯಸ್ಸಾಗಿಲ್ಲ. 2023ರ ಕೊನೆಯಲ್ಲಿ ಮಂಡ್ಯದ ಬಳಿಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲವನ್ನು ಪೊಲೀಸರು ಬಯಲಿಗೆಳೆದಾಗ, ಕಬ್ಬಿನ ಹಾಲು ಕುದಿಯುವ ಜಾಗವೇ ಹೆಣ್ಣುಕೂಸಿನ ಲೆಕ್ಕ ತೀರಿಸುವ ಜಾಗವಾಗಿದ್ದುದಕ್ಕೆ ನಾಡು ಬೆಚ್ಚಿತು. ತೆರದಿಂದ ವರದಕ್ಷಿಣೆಗೆ ಆದ ತಿರುವಿನ ಬಗ್ಗೆ ಎಪ್‌ಸ್ಟೈನ್ ಬರೆದ ಪುಟಗಳನ್ನು ಓದಿದವರಿಗೆ ಆ ಸುದ್ದಿ ಅಷ್ಟು ದಿಢೀರನೆ ಬಂದದ್ದೆಂದು ತೋರುವುದಿಲ್ಲ.

ಹಳ್ಳಿಯ ಚಾವಡಿಯಲ್ಲಿ ಕೂತು ನೋಡುವವರಿಗೆ ಮಠ ಕಾಣದಿರುವುದು ಸಹಜ. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ, ಕಾಲಭೈರವನನ್ನು ಪೂಜಿಸುವ ನಾಥಪಂಥದ ಹಳೆಯ ಕ್ಷೇತ್ರವಾಗಿದ್ದದ್ದು, 1974ರಲ್ಲಿ ಪೀಠವೇರಿದ ಬಾಲಗಂಗಾಧರನಾಥ ಸ್ವಾಮೀಜಿಯವರ ಕಾಲದಲ್ಲಿ ಶಾಲೆ, ಕಾಲೇಜು, ಆಸ್ಪತ್ರೆಗಳ ದೊಡ್ಡ ಜಾಲವಾಗಿ ಬೆಳೆದು, ಊರೂರಿನ ಯಜಮಾನರ ನಡುವೆ ಹಂಚಿಹೋಗಿದ್ದ ಒಕ್ಕಲಿಗರ ಹಿರಿತನಕ್ಕೆ ಒಂದೇ ಮೆಟ್ಟಿಲು ಒದಗಿಸಿತು. ಪಕ್ಷಗಳು ಕೈಮುಗಿದು ನಿಲ್ಲುವ ಈ ಮೆಟ್ಟಿಲನ್ನು ಸಂಪ್ರದಾಯವಾದದ ಕೋಟೆ ಎಂದು ಒಂದೇ ಮಾತಿನಲ್ಲಿ ಮುಗಿಸಲು ಬರುವುದಿಲ್ಲ. 2023ರ ಮಾರ್ಚ್‌ನಲ್ಲಿ, ಉರಿಗೌಡ ಮತ್ತು ನಂಜೇಗೌಡ ಎಂಬ ಇಬ್ಬರು ಒಕ್ಕಲಿಗ ವೀರರು ಟಿಪ್ಪುವನ್ನು ಕೊಂದರು ಎಂಬ ಕಥೆ ಮಂಡ್ಯದ ಸ್ವಾಗತ ಕಮಾನಿನವರೆಗೆ ಬಂದು, ಅದರ ಮೇಲೆ ಚಲನಚಿತ್ರ ಮಾಡುವ ಸಿದ್ಧತೆಯೂ ನಡೆದಾಗ, ಇತಿಹಾಸದ ಆಧಾರವಿಲ್ಲದೆ ಇಂಥದ್ದಕ್ಕೆ ಕೈಹಾಕಬಾರದೆಂದು ತಡೆದವರು ಚುಂಚನಗಿರಿಯ ಈಗಿನ ಪೀಠಾಧಿಪತಿ ನಿರ್ಮಲಾನಂದನಾಥ ಸ್ವಾಮೀಜಿ. ಚಿತ್ರದ ಯೋಜನೆ ಅಲ್ಲಿಗೆ ನಿಂತಿತು. ವಿದ್ವಾಂಸರು ಎಷ್ಟು ಬರೆದರೂ ಆಗದ ಕೆಲಸ ಮಠದ ಒಂದು ಮಾತಿನಿಂದ ಆಯಿತು. ಸಮಾಧಾನದ ಸಂಗತಿಯೇ, ಆದರೆ ಸತ್ಯಾಸತ್ಯದ ಕೊನೆಯ ತೀರ್ಪು ಯಾರ ಕೈಯಲ್ಲಿದೆ ಎಂಬುದನ್ನೂ ಅದು ಹೇಳಿತು.

ರಾಜಕೀಯದ ಮಟ್ಟದಲ್ಲಿ ಧಾರ್ಮಿಕ ಸಂಪ್ರದಾಯವಾದದ ನೆಲೆ ಈಗ ಚಾವಡಿಯಿಂದ ಬೀದಿಗೆ, ಕೂಲಿಯ ಕಟ್ಟಿನಿಂದ ಬಾವುಟದ ಕಂಬಕ್ಕೆ ಸರಿದಿದೆ. ಮದ್ದೂರಿನ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ಮೈಸೂರು ಸರ್ಕಾರದ ನಿಷೇಧ ಮೀರಿ ಕಾಂಗ್ರೆಸ್ಸಿಗರು ತ್ರಿವರ್ಣ ಧ್ವಜ ಏರಿಸಿದ್ದರು. 2024ರ ಜನವರಿಯಲ್ಲಿ ಮಂಡ್ಯ ತಾಲ್ಲೂಕಿನ ಕೆರಗೋಡಿನಲ್ಲಿ 108 ಅಡಿಯ ಕಂಬದಿಂದ ಹನುಮ ಧ್ವಜ ಇಳಿಸಿ ತ್ರಿವರ್ಣ ಏರಿಸಿದ್ದೇ ಗಲಭೆಗೆ, ಪಾದಯಾತ್ರೆಗೆ, ಬಂದ್‌ಗೆ ಕಾರಣವಾಯಿತು. 2024ರ ಸೆಪ್ಟೆಂಬರ್‌ನಲ್ಲಿ ನಾಗಮಂಗಲದಲ್ಲಿ, ಮರುವರ್ಷ ಅದೇ ತಿಂಗಳಲ್ಲಿ ಮದ್ದೂರಿನಲ್ಲಿ, ಗಣೇಶನ ಮೆರವಣಿಗೆ ಕಲ್ಲುತೂರಾಟದಲ್ಲಿ ಮುಗಿಯಿತು. ಥಾಮಸ್ ಫ್ರ್ಯಾಂಕ್ 2004ರಲ್ಲಿ ಅಮೆರಿಕದ ಕ್ಯಾನ್ಸಸ್ ರಾಜ್ಯದ ಬಗ್ಗೆ ಬರೆದ ಪುಸ್ತಕದಲ್ಲಿ, ಬೆಲೆ ಕುಸಿತ ಮತ್ತು ಕಾರ್ಖಾನೆ ಮುಚ್ಚುಗಡೆಯಿಂದ ಬಸವಳಿದ ಜನ ಧರ್ಮ ಮತ್ತು ನೀತಿಯ ಪ್ರಶ್ನೆಗಳ ಸಿಟ್ಟಿನಲ್ಲಿ ತಮ್ಮದೇ ಹಿತದ ವಿರುದ್ಧ ಮತ ಹಾಕುತ್ತಾರೆ ಎಂದಿದ್ದರು. ಮಂಡ್ಯಕ್ಕೆ ಆ ಅಳತೆಗೋಲು ಹೊಂದುವುದಿಲ್ಲ. ಉರಿಗೌಡ–ನಂಜೇಗೌಡ ಕಥೆಯ ಅಬ್ಬರ ಮುಗಿದ ಎರಡೇ ತಿಂಗಳಿಗೆ ನಡೆದ ವಿಧಾನಸಭಾ ಚುನಾವಣೆಯಲ್ಲಿ ಜಿಲ್ಲೆಯ ಏಳು ಕ್ಷೇತ್ರಗಳ ಪೈಕಿ ಒಂದನ್ನೂ ಬಿಜೆಪಿ ಗೆಲ್ಲಲಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಾಂಗ್ರೆಸ್ಸಿಗೆ ಹೋದವು. ಮರುವರ್ಷ ಅದೇ ಮತದಾರರು ಬಿಜೆಪಿಯ ಮೈತ್ರಿಯಲ್ಲಿದ್ದ ಎಚ್.ಡಿ. ಕುಮಾರಸ್ವಾಮಿಯವರನ್ನು ಲೋಕಸಭೆಗೆ ಕಳಿಸಿದರು. ಇಲ್ಲಿ ಮತ ಚಲಾಯಿಸುವ ಕೈಯನ್ನು ಇನ್ನೂ ಜಾತಿಯ ನಂಟು, ನಾಲೆಯ ನೀರು ಮತ್ತು ಕಬ್ಬಿನ ಬಾಕಿ ನಡೆಸುತ್ತಿವೆ. ಬಾವುಟ ಹಿಡಿಯುವ ಕೈ ಬೇರೆ. ಎರಡೂ ಒಂದೇ ಮೈಯವೆಂಬುದು ಬೇರೆ ಮಾತು.

ಧರ್ಮವೆಂದರೆ ಯಜಮಾನಿಕೆಯ ಒತ್ತುಗಲ್ಲು ಎಂದಷ್ಟೇ ಬಗೆಯುವ ಓದಿಗೆ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ದೊಡ್ಡ ತೊಡಕು. ಅದು ಮಂಟೇಸ್ವಾಮಿಯ ಮಠದ ಊರು. ನೀಲಗಾರರು, ಅಂದರೆ ಮಂಟೇಸ್ವಾಮಿಗೆ ದೀಕ್ಷೆ ಪಡೆದು ತಂಬೂರಿ ಹಿಡಿದು ಹಾಡುವ ಗಾಯಕರು, ಇರುಳಿಡೀ ಹಾಡುವ ಕಾವ್ಯದಲ್ಲಿ ‘ಧರೆಗೆ ದೊಡ್ಡವರು’ ಎನಿಸಿಕೊಂಡ ಮಂಟೇಸ್ವಾಮಿ ಕೊಳಕು ವೇಷದಲ್ಲಿ ಕಲ್ಯಾಣಕ್ಕೆ ಹೋಗಿ ಶರಣರ ಡಂಬವನ್ನೇ ಪರೀಕ್ಷೆಗೆ ಒಡ್ಡುತ್ತಾರೆ. ದಲಿತರೂ ಇತರ ದುಡಿಯುವ ಜಾತಿಗಳೂ ತಮ್ಮದೆಂದು ಕಾಪಾಡಿಕೊಂಡು ಬಂದ ಈ ಪಂಥದಲ್ಲಿ ಶ್ರೇಣಿಯನ್ನು ಗೇಲಿ ಮಾಡುವುದೇ ಭಕ್ತಿಯ ಒಂದು ಭಾಗ. ಹಾಗೆಂದು ಅದನ್ನು ಸಮತೆಯ ಬೀಡೆಂದು ಕೊಂಡಾಡಿಬಿಡುವುದೂ ಅವಸರದ ಮಾತಾಗುತ್ತದೆ. ಮಠದ ಗದ್ದುಗೆ ಅರಸು ಮನೆತನದಲ್ಲಿ ವಂಶಪಾರಂಪರ್ಯವಾಗಿಯೇ ಇಳಿದು ಬಂದಿದೆ. ಇದೇ ಪರಂಪರೆಯ ಸಿದ್ದಪ್ಪಾಜಿಯ ಚಿಕ್ಕಲ್ಲೂರು ಜಾತ್ರೆಯಲ್ಲಿ, ಮಾಂಸದ ಅಡುಗೆ ಮಾಡಿ ಸಾಲಾಗಿ ಕೂತು ಉಣ್ಣುವ ‘ಪಂಕ್ತಿಸೇವೆ’ಯನ್ನು ಆಡಳಿತವು ಪ್ರಾಣಿಬಲಿ ನಿಷೇಧದ ಕಾಯಿದೆ ಹಿಡಿದು ತಡೆಯಲು ಹೋದಾಗ, ಅದು ಬಲಿಯಲ್ಲ, ತಮ್ಮ ಊಟದ ಹಕ್ಕು ಎಂದು ಭಕ್ತರು ವಾದಿಸುತ್ತಾರೆ. ಈ ಜಗಳದಲ್ಲಿ ರೂಢಿಯ ಪರ ನಿಂತವರು ಯಥಾಸ್ಥಿತಿಯ ಪರ ಇಲ್ಲ, ಸುಧಾರಣೆಯ ಹೆಸರು ಹೇಳುವವರೇ ಮೇಲ್ಜಾತಿಯ ಶುದ್ಧಿಯ ಪರ ಇದ್ದಾರೆ. ವಂಗಲ–ದಲೇನದ ತಕ್ಕಡಿಯಲ್ಲಿ ಈ ಸರಕನ್ನು ತೂಗಲು ಬಟ್ಟೇ ಇಲ್ಲ.

ಹಾಗಿದ್ದೂ ಎಪ್‌ಸ್ಟೈನ್ ಅವರ ಮೂಲ ಒಳನೋಟ, ಅಂದರೆ ಲಾಭ ಹಳೆಯ ಚೌಕಟ್ಟಿನೊಳಗೇ ದಕ್ಕಿದವನು ಅದನ್ನು ಮುರಿಯುವುದಿಲ್ಲ ಎಂಬುದು, ಎದುರಾಳಿ ಪುರಾವೆಗಳ ನಡುವೆಯೂ ಕುಸಿದಿಲ್ಲ; ಆ ಚೌಕಟ್ಟಿನ ಲಾಭ ತೀರಿದಾಗ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಮಾತ್ರ ಅದು ಕೇಳಿಕೊಳ್ಳಲಿಲ್ಲ. 2022ರ ನವೆಂಬರ್‌ನಲ್ಲಿ ಆದಿಚುಂಚನಗಿರಿಯಲ್ಲಿ ನಡೆದ ವಧುವರರ ಸಮಾವೇಶಕ್ಕೆ ಗಂಡುಗಳ ಅರ್ಜಿ ಸಾವಿರಗಟ್ಟಲೆ ಬಂದರೆ ಹೆಣ್ಣುಗಳದ್ದು ಕೆಲವು ನೂರು ಮಾತ್ರ. ಮುಂದಿನ ಫೆಬ್ರವರಿಯಲ್ಲಿ, ಸಕ್ಕರೆ ಕಾರ್ಖಾನೆಯ ಹೊಗೆ ಕಾಣುವ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ, ಬೇಸಾಯಗಾರನಿಗೆ ಹೆಣ್ಣು ಕೊಡುವವರಿಲ್ಲವೆಂದು ಮೂವತ್ತು ದಾಟಿದ ಅವಿವಾಹಿತರು, ಮದುವೆ ಭಾಗ್ಯ ಕರುಣಿಸೆಂದು ಮಾದಪ್ಪನನ್ನು ಬೇಡಿಕೊಳ್ಳಲು ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೊರಟರು. ದಲೇನದ ಹಿರಿಯರು ಪೇಟೆಯ ದಾರಿ ಹಿಡಿದಿದ್ದರು. ವಂಗಲದ ಮೊಮ್ಮಕ್ಕಳಿಗೆ ಗದ್ದೆಯೂ ಇತ್ತು, ನೀರೂ ಇತ್ತು, ದಾರಿ ಮಾತ್ರ ಬೆಟ್ಟದ ಕಡೆಗಿತ್ತು.