ದೀಪಕ್ಕೆ ಬೆಳಕು ಕೊಟ್ಟ ನೇರಳೆ

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯನ್ನು ಎಷ್ಟೇ ಅವಸರದಲ್ಲಿ ನೋಡಿದವರೂ ಒಂದು ಚಿತ್ರವನ್ನು ಮರೆತು ಬರುವುದಿಲ್ಲ. ಒಂದು ಕೈಯಲ್ಲಿ ದೀಪ ಹಿಡಿದು, ಗಾಳಿಗೆ ಆರದ ಹಾಗೆ ಇನ್ನೊಂದು ಕೈಯನ್ನು ಮರೆಮಾಡಿ ನಿಂತ ಹೆಂಗಸಿನ ಚಿತ್ರ ಅದು. ಹೆಸರು ‘ಗ್ಲೋ ಆಫ್ ಹೋಪ್’. ರಾಜಾ ರವಿವರ್ಮನ ಚಿತ್ರಗಳೂ ಅದೇ ಅರಮನೆಯಲ್ಲಿ ಇರುವುದರಿಂದ ಇದೂ ಅವನದೇ ಎಂದು ನಂಬಿದವರು ಬಹಳ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಈ ಚಿತ್ರ ಮೂಡಿದ್ದು 1940ರ ದಶಕದ ನಡುವಿನಲ್ಲಿ. ಬರೆದವರು ಸಾವಂತವಾಡಿಯಲ್ಲಿ ಹುಟ್ಟಿ, ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ದಾದರಿನಲ್ಲಿ ತಮ್ಮದೇ ಕಲಾಶಾಲೆ ನಡೆಸಿದ ಎಸ್. ಎಲ್. ಹಲ್ದಂಕರ್ (1882–1968). ದೀಪ ಹಿಡಿದು ನಿಂತವಳು ಅವರ ಮಗಳು. ಇನ್ನೊಂದು ಸಂಗತಿಯನ್ನೂ ಬಹಳ ಜನ ಗಮನಿಸುವುದಿಲ್ಲ: ಇದು ತೈಲವರ್ಣವಲ್ಲ, ಜಲವರ್ಣ.

ಆ ದೀಪದ ಬೆಳಕು ಎಲ್ಲಿಂದ ಬಂತು ಎಂಬುದು ನೋಡುವವರೆಲ್ಲರ ಪ್ರಶ್ನೆ. ಹಳದಿ, ಕಿತ್ತಳೆ ಬಣ್ಣಗಳಿಂದ ಎಂದು ಥಟ್ಟನೆ ಉತ್ತರ ಬರುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಈ ಚಿತ್ರವನ್ನು ಬೆಳಗಿಸುತ್ತಿರುವುದು ಬೆಳಕು ತಾಗದ ಕಡೆ ಇರುವ ತಂಪು ಬಣ್ಣಗಳು, ಅದರಲ್ಲೂ ಸೀರೆಯ ನೇರಳೆ. ಹಲ್ದಂಕರ್ ದೊಡ್ಡ ಕಲಾವಿದರು ಅನ್ನಿಸುವುದು ಆ ನೇರಳೆಯಲ್ಲಿ; ಮುಖದಲ್ಲಲ್ಲ, ಜ್ವಾಲೆಯಲ್ಲೂ ಅಲ್ಲ.

ಬಣ್ಣಕ್ಕೆ ಸ್ವಂತ ಬೆಳಕಿಲ್ಲ. ಒಳ್ಳೆಯ ಬಿಳಿ ಕಾಗದ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 80–90 ಭಾಗವನ್ನು ಮರಳಿಸುತ್ತದೆ. ಕಡುಕಪ್ಪು ಎಂದು ನಾವು ಬಳಿಯುವ ಬಣ್ಣವೂ ಮೂರೋ ನಾಲ್ಕೋ ಭಾಗವನ್ನು ಮರಳಿಸಿಯೇ ತೀರುತ್ತದೆ. ಅಂದರೆ ಚಿತ್ರಕಾರನ ಕೈಯಲ್ಲಿರುವ ಅಂತರ ಇಪ್ಪತ್ತು, ಮೂವತ್ತು ಪಟ್ಟು ಮಾತ್ರ. ಕತ್ತಲೆ ಮನೆಯಲ್ಲಿ ಉರಿಯುವ ಬತ್ತಿಗೂ ಅದರ ಹಿಂದಿನ ಗೋಡೆಗೂ ಇರುವ ಅಂತರ ಸಾವಿರಾರು ಪಟ್ಟು. ಆ ದೂರವನ್ನು ಬಿಳಿ–ಕಪ್ಪಿನ ಬಲದಿಂದ ಯಾರೂ ದಾಟಲಾರರು. ಆದ್ದರಿಂದ ಕಲಾವಿದ ಕಣ್ಣಿನ ಸ್ವಭಾವವನ್ನು ನೆಚ್ಚಿಕೊಳ್ಳಬೇಕಾಗುತ್ತದೆ. ಕಣ್ಣು ಯಾವ ಬಣ್ಣವನ್ನೂ ಒಂಟಿಯಾಗಿ ಅಳೆಯುವುದಿಲ್ಲ, ಪಕ್ಕದ್ದರ ಜೊತೆ ಇಟ್ಟೇ ಅಳೆಯುತ್ತದೆ. ನೆಲ್ಲಿಕಾಯಿ ತಿಂದು ನೀರು ಕುಡಿದರೆ ನೀರೇ ಸಿಹಿಯಾಗುತ್ತದಲ್ಲ, ನೀಲಿ–ನೇರಳೆಯ ಮೇಲೆ ಓಡಾಡಿ ಬಂದ ಕಣ್ಣಿಗೆ ಸಾಧಾರಣ ಕಾವಿಯೂ ಹಾಗೆಯೇ ಕೆಂಡದಂತೆ ಕಾಣುತ್ತದೆ. ಫ್ರಾನ್ಸಿನ ಗೊಬೆಲಿನ್ ಜವಳಿ ಕಾರ್ಖಾನೆಯಲ್ಲಿ ಬಣ್ಣ ಹಾಕುವ ಕೆಲಸದ ಉಸ್ತುವಾರಿ ನೋಡುತ್ತಿದ್ದ ರಸಾಯನಶಾಸ್ತ್ರಜ್ಞ ಶೆವ್ರೂಲ್ 1839ರಲ್ಲಿ ಇದನ್ನು ಪುಸ್ತಕವಾಗಿ ಬರೆದ. ಅವನಿಗಿಂತ ಶತಮಾನಗಳ ಹಿಂದಿನ ಚಿತ್ರಕಾರರಿಗೆ ಇದು ಕೈಯ ಅನುಭವದಿಂದಲೇ ಗೊತ್ತಿತ್ತು.

ಈಗ ಸೀರೆಗೆ ಬರೋಣ. ದೀಪದ ಕಡೆಗಿರುವ ನೆರಿಗೆಗಳ ಮೇಲೆ ಬೆಳಕು ಬಿದ್ದು, ಸೀರೆಯ ನೇರಳೆ ಅಲ್ಲಿ ಗುಲಾಬಿಗೆ, ಜೇನಿನ ಬಣ್ಣಕ್ಕೆ ತಿರುಗಿದೆ. ದೀಪದಿಂದ ದೂರ ಸರಿದಂತೆ ಅದೇ ಬಟ್ಟೆ ತಣ್ಣಗಾಗುತ್ತಾ ಕತ್ತಲಲ್ಲಿ ಕರಗುತ್ತದೆ. ಒಂದೇ ಬಟ್ಟೆ ಎಂಬ ನಂಬಿಕೆ ಎಲ್ಲೂ ಕಡಿಯುವುದಿಲ್ಲ, ಆದರೆ ಬಟ್ಟೆಯ ಬಿಸಿ ಮಾತ್ರ ಬದಲಾಗುತ್ತಾ ಹೋಗುತ್ತದೆ. ಹಲ್ದಂಕರ್ ಮಗಳಿಗೆ ಹಳದಿ ಸೀರೆ ಉಡಿಸಿದ್ದರೆ ಹೇಗಿರುತ್ತಿತ್ತು ಎಂದು ಯೋಚಿಸಿ ನೋಡಿ. ಬೆಳಕಿನ ಹಳದಿ ಸೀರೆಯ ಹಳದಿಯಲ್ಲಿ ಕಳೆದುಹೋಗಿ, ನಾವು ಮೆಚ್ಚುತ್ತಿದ್ದದ್ದು ಸೀರೆಯನ್ನು. ಹಳದಿಗೆ ಎದುರಾಳಿ ಬಣ್ಣವಾದ ನೇರಳೆಯನ್ನು ಆರಿಸಿದ್ದರಿಂದ, ಅದರ ಮೇಲೆ ಕಂಡ ಬಿಸಿಯೆಲ್ಲ ದೀಪದ್ದೇ ಎಂದು ಕಣ್ಣು ಲೆಕ್ಕ ಹಾಕುತ್ತದೆ.

ನೆರಳಿನ ತಂಪು ಬರೀ ಕಲಾಶಾಲೆಯ ಸೂತ್ರವಲ್ಲ. ಹಗಲು ಇನ್ನೂ ಪೂರ್ತಿ ಆರದಿರುವಾಗ ಹಣತೆ ಹಚ್ಚಿ, ಬಿಳಿ ಗೋಡೆಯ ಮುಂದೆ ಒಂದು ಕಡ್ಡಿ ಹಿಡಿದರೆ, ದೀಪದಿಂದ ಬಿದ್ದ ನೆರಳು ನೀಲಿಯಾಗಿ ಕಾಣುತ್ತದೆ. 1790ರ ದಶಕದಲ್ಲಿ ವಿಜ್ಞಾನಿ ಕೌಂಟ್ ರಮ್‌ಫರ್ಡ್, ಆಮೇಲೆ 1810ರ ತನ್ನ ವರ್ಣಗ್ರಂಥದಲ್ಲಿ ಜರ್ಮನ್ ಕವಿ ಗಯಟೆ, ಇಬ್ಬರೂ ಈ ಬಣ್ಣದ ನೆರಳುಗಳನ್ನು ಬೆರಗಿನಿಂದ ವರ್ಣಿಸಿದ್ದಾರೆ. ದೀಪ ತಾಗದ ಜಾಗವನ್ನು ಆಕಾಶದ ಅಳಿದುಳಿದ ಬೆಳಕು ತುಂಬುತ್ತದೆ. ದೀಪದ ಹಳದಿಗೆ ಒಗ್ಗಿದ ಕಣ್ಣು ಆ ತಂಪನ್ನು ಇನ್ನಷ್ಟು ನೀಲಿ ಮಾಡಿಕೊಳ್ಳುತ್ತದೆ. ಹೊರಗೆ ಕಗ್ಗತ್ತಲಿದ್ದರೆ ಈ ನೀಲಿ ಇರುವುದಿಲ್ಲ. ಆದ್ದರಿಂದ ಈ ಚಿತ್ರದ ತಂಪು ನೆರಳು ಒಂದು ಹೊತ್ತನ್ನೂ ಹೇಳುತ್ತದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಇದು ನಡುರಾತ್ರಿಯಲ್ಲ, ಮುಸ್ಸಂಜೆ. ದೇವರ ಮುಂದೆ, ತುಳಸಿಕಟ್ಟೆಯಲ್ಲಿ ದೀಪ ಹಚ್ಚುವ ಹೊತ್ತು. ಕಿಟಕಿಯನ್ನೋ ಆಕಾಶವನ್ನೋ ಬರೆಯದೆ, ನೆರಳಿನ ಬಣ್ಣದಿಂದಲೇ ಸಂಜೆಯನ್ನು ಮನೆಯೊಳಗೆ ತಂದಿರುವುದು ಸಣ್ಣ ಸಾಧನೆಯಲ್ಲ.

ಇನ್ನು ಕೈಬೆರಳುಗಳು. ಎಲ್ಲರೂ ತೋರಿಸುವ ಜಾಗ ಅದು, ತೋರಿಸಬೇಕಾದದ್ದೇ. ಜ್ವಾಲೆಯ ಮುಂದೆ ಹಿಡಿದ ಅಂಗೈಯೊಳಗಿನಿಂದ ಬೆಳಕು ಹಾದು ಬರುವಾಗ ರಕ್ತ ಅದನ್ನು ಕೆಂಪಾಗಿಸುತ್ತದೆ. ಬೆರಳು ತೆಳ್ಳಗಿರುವ ಅಂಚುಗಳಲ್ಲಿ, ಸಂದುಗಳಲ್ಲಿ ಆ ಕೆಂಪು ಹೆಚ್ಚು. ನಮ್ಮ ಕಡೆಗಿರುವ ಹಿಂಗೈಗೆ ನೇರ ಬೆಳಕಿಲ್ಲ, ಅಲ್ಲಿ ಚರ್ಮ ತಂಪಾಗಿಯೇ ಇರಬೇಕು. ಈ ಕೆಂಪು ಮುಖದ ಹೊಂಬಣ್ಣದಷ್ಟು ತಿಳಿಯಾದದ್ದಲ್ಲ, ಅದಕ್ಕಿಂತ ಗಾಢ. ಆದರೂ ಇಡೀ ಚಿತ್ರದಲ್ಲಿ ಅತ್ಯಂತ ಬಿಸಿಯಾದ ಜಾಗ ಅದೇ ಅನ್ನಿಸುತ್ತದೆ. ತಿಳಿಯಾದದ್ದೆಲ್ಲ ಬೆಳಗುವುದಿಲ್ಲ, ಬೆಳಗುವುದೆಲ್ಲ ತಿಳಿಯಾಗಿರಬೇಕಿಲ್ಲ ಎಂಬುದನ್ನು ಬೆರಳಗಲದ ಜಾಗದಲ್ಲಿ ಕಾಣಿಸಿರುವ ಬಗೆಗೆ ನಾನು ಮನಸೋತಿದ್ದೇನೆ.

ಜಲವರ್ಣದಲ್ಲಿ ಇದು ಎಷ್ಟು ಕಷ್ಟ ಎಂಬುದನ್ನು ಕುಂಚ ಹಿಡಿದವರು ಬಲ್ಲರು. ಈ ಮಾಧ್ಯಮದಲ್ಲಿ ಬೆಳಕೆಂದರೆ ಕಾಗದವೇ. ಬೆಳಕು ತೆಳುವಾದ ಬಣ್ಣದ ಪದರ ದಾಟಿ ಕಾಗದ ಮುಟ್ಟಿ, ಅದೇ ಪದರ ದಾಟಿ ವಾಪಸು ಬರುತ್ತದೆ. ಆದ್ದರಿಂದ ಬೆಳಗಿನ ಮಂಜು, ಕೆರೆ, ತಿಳಿ ಆಕಾಶ ಜಲವರ್ಣಕ್ಕೆ ಸಹಜವಾಗಿ ಒಲಿಯುತ್ತವೆ, ಕತ್ತಲು ಒಲಿಯುವುದಿಲ್ಲ. ಕತ್ತಲಿಗಾಗಿ ಇಂಥ ತೆಳು ಪದರಗಳನ್ನು, ಅಂದರೆ ವಾಶ್ ಮೇಲೆ ವಾಶ್ ಹಾಕಬೇಕು. ಹಾಕಿದಷ್ಟೂ ಕಾಗದ ಮುಚ್ಚಿಹೋಗುತ್ತದೆ. ಹಸಿಯಿರುವಾಗ ಬಿಸಿ ಬಣ್ಣವೂ ತಂಪು ಬಣ್ಣವೂ ಒಂದರೊಳಗೊಂದು ಹರಿದರೆ ಎರಡೂ ಸತ್ತು ಕೆಸರಾಗುತ್ತವೆ. ಮುಖದ ಹೊಂಬಣ್ಣಕ್ಕೆ ಕಾಗದವನ್ನು ಮೊದಲೇ ಕಾದಿರಿಸಿಕೊಂಡು, ನೇರಳೆಯನ್ನೂ ಹೊನ್ನನ್ನೂ ಅಂಚಿನಲ್ಲಿ ಮಾತ್ರ ಭೇಟಿ ಮಾಡಿಸಿ, ಹಿನ್ನೆಲೆಯನ್ನು ಅಷ್ಟು ಗಾಢವಾಗಿಸಿಯೂ ಅದು ಮಸಿಯಾಗದಂತೆ ಉಳಿಸಿಕೊಳ್ಳುವುದಕ್ಕೆ ಇಡೀ ಆಯುಷ್ಯದ ಕೈಪಳಗು ಬೇಕು. ಇದನ್ನು ಬರೆಯುವಾಗ ಹಲ್ದಂಕರ್ ಅರವತ್ತು ದಾಟಿದ್ದರು.

ಹಾಗೆಂದು ಬೆಳಕು ಹುಟ್ಟಿಸಲು ಬಿಸಿ–ತಂಪಿನ ದಾರಿ ಒಂದೇ ಎಂದು ನಾನು ಹೇಳುತ್ತಿಲ್ಲ. ಪ್ಯಾರಿಸ್ಸಿನ ಲೂವ್ರ್‌ನಲ್ಲಿ ಜಾರ್ಜ್ ದ ಲ ತೂರ್ 1640ರ ದಶಕದಲ್ಲಿ ಬರೆದ ಬಡಗಿ ಸಂತ ಜೋಸೆಫನ ಚಿತ್ರವಿದೆ. ಅಲ್ಲೂ ಬಾಲ ಏಸು ಮೋಂಬತ್ತಿಗೆ ಕೈ ಮರೆಮಾಡಿದ್ದಾನೆ, ಅಲ್ಲೂ ಬೆರಳುಗಳ ಮೂಲಕ ಬೆಳಕು ಹಾಯುತ್ತದೆ. ಆದರೆ ಲ ತೂರ್ ತಂಪು ಬಣ್ಣವನ್ನು ಹತ್ತಿರ ಸೇರಿಸಿಲ್ಲ ಎಂದೇ ಹೇಳಬಹುದು. ಕಂದು, ಕಾವಿ, ಹೊನ್ನು, ಗಾಢ ಕತ್ತಲು. ಎಲ್ಲ ಒಂದೇ ಕುಲದ ಬಣ್ಣಗಳು. ಅವನ ಬೆಳಕು ನಿಂತಿರುವುದು ತಿಳಿ–ಗಾಢಗಳ ಅಂತರದ ಮೇಲೆ. ಇದಕ್ಕೆ ಪೂರಾ ಎದುರು ತುದಿಯಲ್ಲಿ ಕ್ಲೋದ್ ಮೊನೆ 1872ರಲ್ಲಿ ಲ ಆವ್ರ್ ಬಂದರಿನಲ್ಲಿ ಬರೆದ ಸೂರ್ಯೋದಯವಿದೆ. ಬೂದು–ನೀಲಿ ಮಂಜಿನ ನಡುವೆ ಒಂದು ಕಿತ್ತಳೆ ಬಿಲ್ಲೆ. ಹಾರ್ವರ್ಡಿನ ನರವಿಜ್ಞಾನಿ ಮಾರ್ಗರೆಟ್ ಲಿವಿಂಗ್‌ಸ್ಟನ್ ತೋರಿಸಿಕೊಟ್ಟಂತೆ, ಆ ಸೂರ್ಯನ ಬಣ್ಣ ಸುತ್ತಲಿನ ಮಂಜಿಗಿಂತ ಹೆಚ್ಚು ತಿಳಿಯಾಗಿಲ್ಲ. ಚಿತ್ರವನ್ನು ಕಪ್ಪು–ಬಿಳುಪು ಮಾಡಿದರೆ ಸೂರ್ಯನೇ ಬಹುಮಟ್ಟಿಗೆ ಮಾಯ. ಮೊಬೈಲಿನಲ್ಲಿ ಯಾರು ಬೇಕಾದರೂ ಮಾಡಿ ನೋಡಬಹುದು. ಅಲ್ಲಿರುವುದು ಬಿಸಿ ಮತ್ತು ತಂಪಿನ ಭೇದ ಮಾತ್ರ, ಅಷ್ಟರಿಂದಲೇ ಆ ಸೂರ್ಯ ಮಿಡಿಯುತ್ತಾನೆ.

ಹಲ್ದಂಕರ್ ಈ ಎರಡರ ನಡುವೆ ನಿಲ್ಲುತ್ತಾರೆ. ಅವರ ಚಿತ್ರವನ್ನು ಕಪ್ಪು–ಬಿಳುಪು ಮಾಡಿದರೂ ದೀಪ ಉರಿಯುತ್ತಲೇ ಇರುತ್ತದೆ, ಏಕೆಂದರೆ ಮುಖದ ತಿಳಿಗೂ ಹಿನ್ನೆಲೆಯ ಕತ್ತಲಿಗೂ ಅಷ್ಟು ಅಂತರವಿದೆ. ಬೆರಳುಗಳು ಮಾತ್ರ ಬರೀ ಬೂದಾಗಿ, ಸಂಜೆ ಹೊರಟುಹೋಗುತ್ತದೆ. ನನ್ನ ಆಕ್ಷೇಪ ಇರುವುದೂ ಇಲ್ಲಿಯೇ. ಹಿನ್ನೆಲೆಯಲ್ಲಿ ಅವರು ಗಾಢತೆಯನ್ನು ಬೇಕಾದ್ದಕ್ಕಿಂತ ಹೆಚ್ಚು ನಂಬಿದ್ದಾರೆ. ಸೀರೆಯಲ್ಲಿ ತೋರಿದ ಧೈರ್ಯವನ್ನು ಗೋಡೆಗೂ ವಿಸ್ತರಿಸಿದ್ದರೆ, ಕತ್ತಲನ್ನು ಒಂದು ಮೆಟ್ಟಿಲು ತಿಳಿ ಮಾಡಿ ಇನ್ನಷ್ಟು ತಂಪಾಗಿಸಿದ್ದರೆ, ಆ ಮುಸ್ಸಂಜೆಗೆ ಆಳ ಬರುತ್ತಿತ್ತು. ಈಗ ಹೆಂಗಸು ನಿಂತಿರುವುದು ಮನೆಯಲ್ಲೋ ರಂಗದ ಮೇಲೋ ಎಂಬ ಅನುಮಾನ ಉಳಿಯುತ್ತದೆ. ನಿಂತ ಭಂಗಿಯಲ್ಲೂ ಕಲಾಶಾಲೆಯ ಶಿಸ್ತು ಕೊಂಚ ಹೆಚ್ಚಾಗಿಯೇ ಕಾಣುತ್ತದೆ.

ನಮ್ಮವರೇ ಆದ ಕೆ. ವೆಂಕಟಪ್ಪನವರ (1886–1965) ಊಟಿ, ಕೊಡೈಕೆನಾಲ್ ಜಲವರ್ಣಗಳನ್ನು ಇಲ್ಲಿ ನೆನೆಯಬೇಕು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತು ಬಂದ ಅವರು ಬೆಟ್ಟ, ಮಂಜು, ಮೋಡಗಳ ಮುಂದೆ ತಪಸ್ಸಿನಂತೆ ಕೂತವರು. ತಂಪಿನ ದೊಡ್ಡ ಹರವಿನಲ್ಲಿ ಚೂರೇ ಚೂರು ಬಿಸಿ ಬಿದ್ದರೂ ಇಡೀ ಕಣಿವೆಗೆ ಬೆಳಕು ಬಂದಂತಾಗುತ್ತದೆ. ಅಲ್ಲಿ ಕತ್ತಲಿನ ನೆರವೇ ಬೇಕಾಗಿಲ್ಲ. ಜನಪ್ರಿಯತೆಯಲ್ಲಿ ದೀಪದ ಹೆಂಗಸು ಎಷ್ಟೋ ಮುಂದಿದ್ದಾಳೆ. ಬಣ್ಣದ ಸೂಕ್ಷ್ಮದಲ್ಲಿ ವೆಂಕಟಪ್ಪನವರ ಬೆಟ್ಟಗಳೇ ಮೇಲು ಎಂಬುದು ನನ್ನ ಅಭಿಪ್ರಾಯ.

ಈ ಚಿತ್ರಕ್ಕೆ ನಿಜವಾದ ಅನ್ಯಾಯ ಮಾಡಿರುವುದು ನಕಲುಗಳು. ಕ್ಯಾಲೆಂಡರಿನಲ್ಲಿ, ಚೌಕಟ್ಟು ಹಾಕಿದ ಅಗ್ಗದ ಮುದ್ರಣಗಳಲ್ಲಿ, ಕಪ್ಪು ಕ್ಯಾನ್ವಾಸಿನ ಮೇಲೆ ಬರೆದು ಮಾರುವ ತೈಲವರ್ಣಗಳಲ್ಲಿ ಮೊದಲು ಸಾಯುವುದು ನೇರಳೆ. ಅದು ಕಂದಾಗುತ್ತದೆ, ಇಲ್ಲವೇ ಕಪ್ಪಾಗುತ್ತದೆ. ಬೆಳಕು ಸಾಲದು ಅನ್ನಿಸಿ ನಕಲುಗಾರ ಮುಖಕ್ಕೆ ಇನ್ನಷ್ಟು ಹಳದಿ ಹಾಕುತ್ತಾನೆ, ಅದಕ್ಕೂ ಸಾಲದೆ ಬಿಳಿ ಬೆರೆಸುತ್ತಾನೆ. ಬಿಳಿ ಬೆರೆತ ಹಳದಿ ತಿಳಿಯಾಗುತ್ತದೆ, ಜೊತೆಗೆ ತಣ್ಣಗೂ ಆಗುತ್ತದೆ. ಬಿಸಿ ಇರಬೇಕಾದ ಕಡೆ ತಂಪು, ತಂಪು ಇರಬೇಕಾದ ಕಡೆ ಮಸಿ. ಮುಖಕ್ಕೆ ಸುಣ್ಣ ಬಳಿದಂತಾಗಿ ಬೆಳಕು ಹೊರಟುಹೋಗುತ್ತದೆ. ಚಿತ್ರಕಲೆ ಕಲಿಯುವ ಮಕ್ಕಳು ಮೂಲಕ್ಕಿಂತ ಹೆಚ್ಚಾಗಿ ಈ ನಕಲುಗಳನ್ನು ನೋಡಿ ಬೆಳೆಯುತ್ತಾರೆ ಎಂಬುದು ನನಗೆ ನಿಜವಾಗಿ ನೋವಿನ ಸಂಗತಿ. ಅವರಿಗೆ ಕಲಿಸಬೇಕಾದದ್ದು ಒಂದೇ: ಬೆಳಕು ಸಾಲದು ಅನ್ನಿಸಿದಾಗ ಕುಂಚವನ್ನು ಹಳದಿಗೆ ಅದ್ದಬೇಡಿ, ಮೊದಲು ನೆರಳನ್ನು ತಂಪು ಮಾಡಿ ನೋಡಿ.

ಕತ್ತಲು ಮಾಡಿ ಈ ಚಿತ್ರವನ್ನು ನೋಡಿದರೆ ದೀಪ ಹೆಚ್ಚು ಉರಿಯುತ್ತದೆ ಎಂಬ ನಂಬಿಕೆಯೂ ಬೇರೂರಿದೆ. ಮೊದಲ ಕ್ಷಣಕ್ಕೆ ಅದು ಚಮತ್ಕಾರವೆನ್ನಿಸುತ್ತದೆ. ಆದರೆ ಕತ್ತಲಿಗೆ ಒಗ್ಗಿದ ಕಣ್ಣು ಬಣ್ಣ ಗುರುತಿಸುವ ಶಕ್ತಿಯನ್ನೇ ಕಳೆದುಕೊಳ್ಳುತ್ತಾ ಹೋಗುತ್ತದೆ, ಅದರಲ್ಲೂ ಕೆಂಪು ಬೇಗ ಮಂಕಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೇ ಬೊಹೀಮಿಯಾದ ಶರೀರವಿಜ್ಞಾನಿ ಪುರ್ಕಿನ್ಯೆ ಇದನ್ನು ಗುರುತಿಸಿದ್ದ. ಬೆರಳ ಸಂದಿನ ಕೆಂಪು, ಸೀರೆಯ ನೇರಳೆ ಎರಡೂ ಹೋದಮೇಲೆ ಉಳಿಯುವುದು ಒಂದು ಬೆಳ್ಳನೆಯ ಮುಖ. ಜಲವರ್ಣ ಬೆಳಕಿಗೆ ಮಾಸುತ್ತದೆ, ಆದ್ದರಿಂದ ಬೆಳಕು ಮಿತವಾಗಿರಬೇಕು ಎಂಬುದು ನಿಜ. ವಸ್ತುಸಂಗ್ರಹಾಲಯಗಳು ಸಾಮಾನ್ಯವಾಗಿ ಪಾಲಿಸುವ ಮಿತಿ ಸುಮಾರು 50 ಲಕ್ಸ್. ಅಷ್ಟು ಬೆಳಕು ಸಮನಾಗಿ ಬಿದ್ದರೆ, ಬಲ್ಬು ಹಳದಿಗೆ ವಾಲದೆ ಎಲ್ಲ ಬಣ್ಣಗಳನ್ನೂ ಸರಿಯಾಗಿ ತೋರುವಂಥದ್ದಾಗಿದ್ದರೆ, ಕಣ್ಣು ಒಗ್ಗುವಷ್ಟು ಹೊತ್ತು ನಿಂತವರಿಗೆ ಸೀರೆಯ ಕೊನೆಯ ನೆರಿಗೆಯವರೆಗೂ ನೇರಳೆ ಕಾಣುತ್ತದೆ.